ನಂಜಮ್ಮನವರ ಸ್ವರ್ಗವೂ ನನ್ನ ಗುಪ್ತನಾಮವೂ

ಹೆಸರು ಮರೆಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದರೆ ಯಾರಿಗೂ ತೊಂದರೆಯಾಗುವುದಿಲ್ಲ ಎಂದು ನಾನು ಮನಃಪೂರ್ವಕವಾಗಿ ನಂಬಿದ್ದೆ. ನಂಬುವುದು ನನಗೆ ಅಭ್ಯಾಸ. ಮೂಡಲಪಾಳ್ಯದ ನಮ್ಮ ಚರ್ಚಿನ ಪಾಲನಾ ಸಮಿತಿಗೆ ನಾನು ಕಾರ್ಯದರ್ಶಿ. ಚರ್ಚಿನ ಆನ್‌ಲೈನ್ ಪೇಜನ್ನು ನೋಡಿಕೊಳ್ಳುವವನೂ ನಾನೇ. ಸಮಿತಿಯಲ್ಲಿ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಬಲ್ಲವನು ನಾನೊಬ್ಬನೇ ಆದ್ದರಿಂದ ಈ ಗೌರವ ಅವಿರೋಧವಾಗಿ ನನಗೆ ದಕ್ಕಿತ್ತು.

ಆ ಪೇಜಿನಲ್ಲಿ ಪ್ರತಿ ಭಾನುವಾರ ಇನ್ನಾಸಪ್ಪ ಮೇಷ್ಟ್ರು ಒಂದು ಧರ್ಮಪಾಠ ಬರೆಯುತ್ತಾರೆ. ಚರ್ಚಿನ ಮಕ್ಕಳಿಗೆಲ್ಲ ಧರ್ಮೋಪದೇಶ ಹೇಳಿಕೊಟ್ಟು ಹಣ್ಣಾದವರು ಅವರು. ಅವರ ಫೋನು ಬಂದರೆ ನಾನು ಇವತ್ತಿಗೂ ಎದ್ದು ನಿಂತೇ ಮಾತಾಡುತ್ತೇನೆ! ಆ ಭಾನುವಾರ ಅವರು, ದೀಕ್ಷಾಸ್ನಾನ ಪಡೆಯದವರಿಗೆ ಸ್ವರ್ಗವಿಲ್ಲ ಎಂದು ಬರೆದಿದ್ದರು. "ಇದು ಧರ್ಮಸಭೆಯ ಬೋಧನೆ. ಚರ್ಚೆಗೆ ಅವಕಾಶವಿಲ್ಲ" ಎಂದು ಕೊನೆಯಲ್ಲಿ ಸೇರಿಸಿದ್ದರು.

ಅದನ್ನು ಓದಿ ಮುಗಿಸುವಷ್ಟರಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಒಂದು ಪಾತ್ರೆ ಕಾಣಿಸಿಕೊಂಡಿತು. ಪಾತ್ರೆಯ ಹಿಂದೆ ಪಕ್ಕದ ಮನೆಯ ನಂಜಮ್ಮನವರ ತಲೆ.

"ಚಿನ್ನಪ್ಪಾ, ಹಿತಕಿದ ಬೇಳೆ ಸಾರು ಕಣಪ್ಪಾ. ಲೂರ್ದು ಬೇರೆ ಊರಲ್ಲಿಲ್ಲ. ಬಿಸೀಲೇ ಉಣ್ಣು."

ಲೂರ್ದು ಮೇರಿ ನನ್ನ ಹೆಂಡತಿ. ಕೆಂಗೇರಿಯ ತಂಗಿಯ ಮನೆಗೆ ಹೋಗಿದ್ದಳು. ನಂಜಮ್ಮನವರ ಪಾಲಿಗೆ ಕೆಂಗೇರಿಯೂ ಪರಸ್ಥಳವೇ. ನಾವು ಮನೆ ಕಟ್ಟಿರುವ ಜಾಗ ಒಂದು ಕಾಲಕ್ಕೆ ಅವರ ರಾಗಿ ಹೊಲ. ನನ್ನ ಮಗಳಿಗೆ ಕಾಮಾಲೆಯಾದಾಗ ಹದಿನೈದು ದಿನ ಗಂಜಿ ಕುಡಿಸಿದವರು ಅವರು. ಶುಕ್ರವಾರ ಮಾರಮ್ಮನ ಗುಡಿಗೆ ಹೋಗಿ ಬರುವಾಗ ನಮ್ಮ ಚರ್ಚಿನ ಮೇರಿ ಮಾತೆಯ ಗವಿಯ ಮುಂದೆಯೂ ನಿಂತು ಕೈ ಮುಗಿಯುತ್ತಾರೆ. ಯಾಕೆಂದು ಕೇಳಿದರೆ, "ಅವ್ವನೇ ತಾನೇ?" ಎನ್ನುತ್ತಾರೆ.

ಸಾರು ಉಣ್ಣುತ್ತಾ ನನಗೆ ಕುತೂಹಲ ಹುಟ್ಟಿತು. ಇವರಿಗೆ ಸ್ವರ್ಗವಿಲ್ಲವೆ? ಹಾಗಾದರೆ ಅಲ್ಲಿ ಸಾರು ಮಾಡುವವರು ಯಾರು?

ಪ್ರಶ್ನೆಯನ್ನು ಮೇಷ್ಟ್ರಿಗೆ ನೇರವಾಗಿ ಕೇಳುವ ಧೈರ್ಯ ನನ್ನ ವಂಶದಲ್ಲೇ ಇಲ್ಲ. ಹೀಗಾಗಿ 'ಸಾಮಾನ್ಯ ವಿಶ್ವಾಸಿ' ಎಂಬ ಹೆಸರಿನಲ್ಲಿ ಹೊಸ ಖಾತೆ ತೆರೆದೆ. ಊಟದ ಬಿಸಿಯಲ್ಲೇ ಮೇಷ್ಟ್ರ ಪಾಠದ ಕೆಳಗೆ ಬರೆದೆ: "ಮೂಡಲಪಾಳ್ಯದ ನಂಜಮ್ಮನವರಿಗೆ ಸ್ವರ್ಗದ ಬಾಗಿಲು ಮುಚ್ಚಿದೆ ಎಂಬ ಬೋಧನೆಯನ್ನು ನಾನು ಒಪ್ಪಲಾರೆ." ಮೂಡಲಪಾಳ್ಯದಲ್ಲಿ ನಂಜಮ್ಮಂದಿರಿಗೇನು ಬರವೆ? ಯಾರೆಂದು ಗೊತ್ತಾಗುವುದಿಲ್ಲ ಎಂದುಕೊಂಡೆ. ಆಮೇಲೆ, ಬರಿಯ ಅಕ್ಷರಗಳನ್ನು ಯಾರೂ ಓದುವುದಿಲ್ಲ ಎನ್ನಿಸಿ ಅವರ ಫೋಟೋವನ್ನೂ ಹಾಕಿದೆ!

ನನ್ನ ಬುದ್ಧಿವಂತಿಕೆ ಅಲ್ಲಿಗೂ ನಿಲ್ಲಲಿಲ್ಲ. ಮಗಳ ಮದುವೆಯ ಫೋಟೋದಿಂದ ನಂಜಮ್ಮನವರನ್ನಷ್ಟೇ ಕತ್ತರಿಸಿ ತೆಗೆದಾಗ, ಚೌಕಟ್ಟು ಬೇಕೇ ಎಂದು ಫೋನು ವಿನಯದಿಂದ ಕೇಳಿತು. ಚೆಂಡುಹೂವಿನ ಚೌಕಟ್ಟನ್ನು ಆರಿಸಿದೆ. ಕೆಳಗೆ ಉರಿಯುವ ಒಂದು ದೀಪವೂ ಇತ್ತು. ಬಹಳ ಲಕ್ಷಣವಾಗಿ ಕಂಡಿತು.

ಸಂಜೆಯೊಳಗೆ ಉತ್ತರಗಳು ಬರತೊಡಗಿದವು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಬೈಗುಳವೂ ಬಂತು. ಆದರೆ ಕೆಂಗೇರಿಯ ಒಬ್ಬ ನರ್ಸ್ ಬರೆದಿದ್ದಳು: "ನನ್ನ ಕೈಯಲ್ಲೇ ಎಷ್ಟೋ ಜನ ಜೀವ ಬಿಟ್ಟಿದ್ದಾರೆ. ಅವರ ಬಗ್ಗೆ ನನಗೂ ಇದೇ ಪ್ರಶ್ನೆ. ಕೇಳೋಕೆ ಹೆದರಿಕೆ." ನಮ್ಮ ಗಾಯನ ತಂಡದ ಒಬ್ಬರು, ತಮ್ಮ ತಾಯಿ ಕೊನೆಯವರೆಗೂ ದೀಕ್ಷಾಸ್ನಾನ ತೆಗೆದುಕೊಳ್ಳಲಿಲ್ಲವೆಂದೂ, ಹಾಡುವಾಗಲೆಲ್ಲ ಆಕೆ ಎಲ್ಲಿದ್ದಾಳೋ ಎಂದು ಯೋಚಿಸುತ್ತೇನೆಂದೂ ಬರೆದಿದ್ದರು. ಪ್ರತಿ ಭಾನುವಾರ ನನ್ನ ಮುಂದಿನ ಬೆಂಚಿನಲ್ಲೇ ಕೂರುವ ಮನುಷ್ಯ! ಅವರ ಬೆನ್ನು ನನಗೆ ಚೆನ್ನಾಗಿ ಗೊತ್ತು. ಇದೊಂದು ಗೊತ್ತಿರಲಿಲ್ಲ. ಇಷ್ಟು ಜನ ತಲೆಯಾಡಿಸುತ್ತಾ ಒಳಗೊಳಗೇ ಏನೇನು ಕೇಳಿಕೊಳ್ಳುತ್ತಿದ್ದಾರೆ!

ಅವರ ಮಾತಿನ ಕೆಳಗೆ ಯಾರೋ ಬರೆದಿದ್ದರು: "ಆತ್ಮಕ್ಕೆ ಚಿರಶಾಂತಿ ದೊರೆಯಲಿ." ಅದರ ಕೆಳಗೆ ಇನ್ನೊಬ್ಬರು: "ತುಂಬಾ ಒಳ್ಳೆಯ ಜೀವ." ಯಾರ ಆತ್ಮ, ಯಾಕೆ ಎಂಬುದು ನನಗೆ ಹೊಳೆಯಲಿಲ್ಲ. ಬಹುಶಃ ಗಾಯಕರ ತಾಯಿಗೆ ಇರಬೇಕು ಎಂದುಕೊಂಡು ನಾನೂ ಕೈ ಮುಗಿಯುವ ಚಿತ್ರ ಒತ್ತಿದೆ.

ಸೋಮವಾರ ಬೆಳಗ್ಗೆ ಫಾದರ್ ಫೋನು ಮಾಡಿದರು.

"ಚಿನ್ನಪ್ಪನವರೇ, ಯಾರ್ರೀ ಈ ಸಾಮಾನ್ಯ ವಿಶ್ವಾಸಿ? ಮೇಷ್ಟ್ರು ತುಂಬಾ ನೊಂದ್ಕೊಂಡಿದಾರೆ. ಪೇಜ್ ನೋಡ್ಕೊಳ್ಳೋರು ನೀವು. ಸ್ವಲ್ಪ ಪತ್ತೆ ಮಾಡಿ."

"ಖಂಡಿತ ಫಾದರ್. ಸುಮ್ನೆ ಬಿಡೋದಿಲ್ಲ ಅವನನ್ನ!" ಎಂದೆ. ಹೀಗೆ ನನ್ನ ಮೇಲಿನ ತನಿಖೆಗೆ ನಾನೇ ಅಧಿಕಾರಿಯಾಗಿ ನೇಮಕಗೊಂಡೆ.

ಅಧಿಕಾರ ವಹಿಸಿಕೊಂಡು ಇನ್ನೂ ಕಾಫಿ ಕುಡಿದಿರಲಿಲ್ಲ, ಹೊರಗೆ ಆಟೋ ನಿಂತ ಸದ್ದಾಯಿತು. ಇಳಿದವಳು ಲೂರ್ದು. ಅವಳು ನಮ್ಮ ಗೇಟನ್ನು ತಿರುಗಿಯೂ ನೋಡದೆ ಅಳುತ್ತಾ ನಂಜಮ್ಮನವರ ಗೇಟಿಗೆ ಓಡಿದಳು. ಹಿಂದೆಯೇ ಮಾತೆಯರ ಸಂಘದ ಐದಾರು ಹೆಂಗಸರು ಬಂದರು. ಅವರ ಕೈಯಲ್ಲಿ ಆಳೆತ್ತರದ ಹೂಮಾಲೆ! ನಾನು ಬರಿಗಾಲಲ್ಲೇ ಹಿಂಬಾಲಿಸಿದೆ.

ನಂಜಮ್ಮನವರು ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹೂಮಾಲೆ ನೋಡಿ ಎದ್ದರು.

"ಅಯ್ಯೋ, ಯಾರು ಹೋದ್ರವ್ವಾ?"

"ನಂಜಮ್ಮನೋರು..." ಎಂದಳು ಮುಂದಿದ್ದ ಹೆಂಗಸು.

"ಯಾವ ನಂಜಮ್ಮ? ಹಾಲಿನ ಬೂತಿನೋಳಾ?"

ಲೂರ್ದು ಅವರನ್ನು ಬಿಗಿಯಾಗಿ ತಬ್ಬಿಕೊಂಡು ಇನ್ನೂ ಜೋರಾಗಿ ಅತ್ತಳು. "ಅಮ್ಮಾ, ನೀವಿದೀರಾ! ಕೆಂಗೇರಿಯಿಂದ ಅಳ್ಕೊಂಡೇ ಬಂದೆ!"

"ಬುಡವ್ವಾ, ಉಸ್ರು ಕಟ್ತದೆ! ಈಗ ನಿಜವಾಗ್ಲೂ ಹೋಗ್ಬುಡ್ತೀನಿ!"

ಆ ಹೊತ್ತಿಗೆ ಅದೇ ಸುದ್ದಿ ಕೇಳಿ ಫಾದರ್ ಮತ್ತು ಇನ್ನಾಸಪ್ಪ ಮೇಷ್ಟ್ರೂ ಸಂತಾಪ ಹೇಳಲು ಬಂದಿಳಿದರು. ಸತ್ತವರೇ ಅವರಿಗೆ ಕುರ್ಚಿ ಹಾಕಿದರು.

ಒಬ್ಬಾಕೆ ಪುರಾವೆಗೆಂದು ಫೋನು ತೆಗೆದು ಫೋಟೋ ತೋರಿಸಿದಳು. ಲೂರ್ದು ಕಣ್ಣೊರೆಸಿಕೊಂಡು ನೋಡಿದಳು. ಕೆಂಗೇರಿಯಲ್ಲಿ ಕಣ್ಣೀರಿನಲ್ಲಿ ಕಾಣದಿದ್ದದ್ದು ಇಲ್ಲಿ ಕಂಡಿತು. ನಂಜಮ್ಮನವರ ಭುಜದ ಮೇಲೆ, ಕತ್ತರಿಸುವಾಗ ಉಳಿದುಬಿಟ್ಟಿದ್ದ ಒಂದು ಕೈ.

"ಇದು ನನ್ನ ಕೈ! ನನ್ನ ಬಳೆ! ಮಗಳ ಮದುವೇಲಿ ತೆಗೆದಿದ್ದು. ಈ ಫೋಟೋ ಇರೋದು ನಮ್ಮನೇಲಿ ಮಾತ್ರ." ಅವಳು ನಿಧಾನವಾಗಿ ನನ್ನತ್ತ ತಿರುಗಿದಳು. "ರೀ?"

ತನಿಖೆ ದಾಖಲೆ ಸಮಯದಲ್ಲಿ ಪೂರ್ಣಗೊಂಡಿತು.

"ಫಾದರ್, ಪತ್ತೆ ಆಯ್ತು," ಎಂದೆ. ಬೇರೇನು ಹೇಳಲಿ?

ಯಾರೂ ನಗಲಿಲ್ಲ. ನಂಜಮ್ಮನವರು ನನ್ನನ್ನೇ ನೋಡುತ್ತಿದ್ದರು. "ನನ್ನ ವಿಸ್ಯ ಏನ್ ಬರ್ದಿದ್ದೆ ಚಿನ್ನಪ್ಪಾ? ಓದು."

ಓದಿದೆ. ಮೇಷ್ಟ್ರ ಪಾಠವನ್ನೂ ಓದಬೇಕಾಯಿತು. ನಂಜಮ್ಮನವರು ಕೇಳಿಸಿಕೊಂಡು ಒಳಗೆ ಹೋದರು. ಬೇಜಾರಾಗಿ ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡೆವು. ಅವರು ಕಾಫಿ ಲೋಟಗಳೊಂದಿಗೆ ಬಂದರು. ಮೊದಲ ಲೋಟವನ್ನು ಇನ್ನಾಸಪ್ಪ ಮೇಷ್ಟ್ರ ಕೈಗೇ ಕೊಟ್ಟರು.

"ನಾನು ಅಲ್ಲಿಗೆ ಬರಂಗಿಲ್ವಾ ಮೇಷ್ಟ್ರೇ?"

ಕೋಪವಿರಲಿಲ್ಲ. ಬಸ್ಸು ಈ ಕಡೆ ಬರುವುದಿಲ್ಲವೇ ಎಂದು ಕೇಳಿದಂತಿತ್ತು. ಮೇಷ್ಟ್ರು ಲೋಟದೊಳಗೆ ನೋಡಿದರು.

"ಬರೆಯೋವಾಗ ನಿಮ್ಮನ್ನ ನೆನೆಸ್ಕೊಂಡಿರ್ಲಿಲ್ಲ ತಾಯಿ," ಎಂದರು. "ನಾನು ಕಲ್ತಿದ್ದು ಹಾಗೇ."

ಫಾದರ್ ಕೆಮ್ಮಿದರು. "ಮೇಷ್ಟ್ರು ಬರೆದಿದ್ದು ಹಳೇ ಪಾಠ. ಪೂರ್ತಿ ಪಾಠ ಅಷ್ಟಕ್ಕೇ ಮುಗಿಯಲ್ಲಮ್ಮ. ದೇವರ ದಯೆ ಎಲ್ಲಿವರೆಗೆ ಅಂತ ಗೆರೆ ಎಳೆಯೋ ಕೆಲಸ ನನಗೆ ಯಾರೂ ಕೊಟ್ಟಿಲ್ಲ. ಇಷ್ಟು ಜನ ಕೇಳಿದಾರೆ ಅಂದ್ರೆ, ಬರೋ ಭಾನುವಾರ ಪೂಜೆ ಆದ್ಮೇಲೆ ಎಲ್ಲ ಕೂತು ಮಾತಾಡೋಣ. ಸ್ವಂತ ಹೆಸರಲ್ಲಿ." ಕೊನೆಯ ಮಾತನ್ನು ನನ್ನನ್ನು ನೋಡಿಯೇ ಹೇಳಿದರು.

ಮಾತೆಯರ ಸಂಘದವರು ನಿಟ್ಟುಸಿರುಬಿಟ್ಟರು. ಮೇಷ್ಟ್ರು ಕಾಫಿ ಕುಡಿದರು. ನನ್ನ ಎದೆ ಸ್ವಲ್ಪ ಉಬ್ಬಿತು. ಎಷ್ಟಾದರೂ ಈ ಮಹತ್ವದ ಚರ್ಚೆಗೆ ನಾಂದಿ ಹಾಡಿದವನು ನಾನಲ್ಲವೆ? ಒಂದೆರಡು ಮಾತು ಹೇಳೋಣವೆಂದು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ನಂಜಮ್ಮನವರು ಫಾದರ್ ಹತ್ತಿರ ಬಾಗಿ, ಪಿಸುಮಾತು ಎಂದುಕೊಂಡು ಎಲ್ಲರಿಗೂ ಕೇಳುವಂತೆ ಕೇಳಿದರು:

"ಸಾಮೇರೇ, ಒಂದ್ ಮಾತು. ಅಲ್ಲೂವೆ ಈ ಚಿನ್ನಪ್ಪನೇ ಪಕ್ಕದ ಮನೇಲಿರ್ತಾನಾ?"

ಫಾದರ್ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು.

"ಹೆದರ್ಬೇಡಿ ಅಮ್ಮ," ಎಂದರು. "ಇವರದಿನ್ನೂ ಏನೂ ತೀರ್ಮಾನ ಆಗಿಲ್ಲ."