ನಾನು ಪ್ರಾಮಾಣಿಕನಾದ ಬಗೆ

ಮೊದಲನೇ ಸ್ಥಾನ ಪಡೆದವರನ್ನು ಊರು ಹೆಗಲ ಮೇಲೆ ಹೊತ್ತು ಮೆರೆಸುತ್ತದೆ. ಪೂರ್ತಿ ನೆಲಕಚ್ಚಿದವರನ್ನು ಮನೆಯವರು ಪಕ್ಕದಲ್ಲಿ ಕೂರಿಸಿಕೊಂಡು, ಬಿಸಿ ಕಾಫಿ ಕೊಟ್ಟು ಸಮಾಧಾನ ಮಾಡುತ್ತಾರೆ. ಇವರಿಬ್ಬರ ಮಧ್ಯೆ ಇರುವವರಿಗೆ ಮೆರವಣಿಗೆಯೂ ಇಲ್ಲ, ಕಾಫಿಯೂ ಇಲ್ಲ. ನಾನು ಇಪ್ಪತ್ತೆರಡು ವರ್ಷಗಳಿಂದ ಆ ಮಧ್ಯದಲ್ಲೇ ಬಿಡಾರ ಹೂಡಿದ್ದೇನೆ. ವೃತ್ತಿಯಿಂದ ನಾನು ಸ್ನೂಕರ್ ಆಟಗಾರ. ನನ್ನ ರ‍್ಯಾಂಕು ಎಷ್ಟೆಂದು ದಯವಿಟ್ಟು ಕೇಳಬೇಡಿ. ಹಟ ಹಿಡಿದು ಹುಡುಕುವುದಾದರೆ ಪಟ್ಟಿಯ ಮೊದಲ ಪುಟ ಬಿಟ್ಟು ಹುಡುಕಿ, ನಿಮ್ಮ ಸಮಯ ಉಳಿಯುತ್ತದೆ.

ಬೇರೆ ಕೆಲಸದವರಿಗೆ ತಮ್ಮ ಕೆಲಸ ಏನೆಂದು ವಿವರಿಸುವ ಕಷ್ಟವಿಲ್ಲ. ನನಗೆ ಆ ಕಷ್ಟ ಹೆಣ್ಣು ನೋಡಲು ಹೋದ ದಿನವೇ ಶುರುವಾಯಿತು. ಬಸವನಗುಡಿಯ ಆ ಮನೆಯ ನಡುಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ, ನಿವೃತ್ತ ಹೆಡ್‌ಮಾಸ್ಟರರಾದ ನನ್ನ ಭಾವೀ ಮಾವನವರು ಕನ್ನಡಕ ಒರೆಸುತ್ತಾ, "ಹುಡುಗ ಸ್ನೂಕರ್ ಆಡ್ತಾರೆ, ಸಂತೋಷ. ಕೆಲಸಕ್ಕೆ ಎಲ್ಲಿಗೆ ಹೋಗ್ತಾರೆ?" ಎಂದು ಕೇಳಿದರು. "ಅದೇ ಕೆಲಸ" ಎಂದರು ನಮ್ಮಪ್ಪ. "ಅದು ಸರಿ, ಆಟ ಆಡಿ ಆದ್ಮೇಲೆ?" ಎಂದು ಅವರು ಮತ್ತೆ ಕೇಳಿದರು. ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆ ನಕ್ಕವಳೇ ಮಾಲತಿ. ಅಷ್ಟೆಲ್ಲ ತಿಳಿದೂ ನನ್ನನ್ನು ಯಾಕೆ ಒಪ್ಪಿದೆ ಎಂದು ಮದುವೆಯಾದ ಮೇಲೆ ಒಮ್ಮೆ ಕೇಳಿದೆ. "ಬಗ್ಗಿ ಕೆಲಸ ಮಾಡೋ ಗಂಡಸರನ್ನ ನಮ್ಮನೇಲಿ ನಾನು ನೋಡೇ ಇರ್ಲಿಲ್ಲ, ಅದಕ್ಕೆ" ಎಂದಳು. ಅವಳು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ, ಉತ್ತರಗಳನ್ನು ಚಿಕ್ಕದಾಗಿ ಕೊಡುವ ಅಭ್ಯಾಸ.

ನಮ್ಮಮ್ಮನಂತೂ ಇವತ್ತಿಗೂ, ನಾನು ಆಡಿ ಬಂದ ಸಂಜೆ, "ಎಷ್ಟು ರನ್ ಹೊಡೆದ್ಯೋ?" ಎಂದೇ ಕೇಳುವುದು. ಮೊದಮೊದಲು ಬಿಡಿಸಿ ಹೇಳುತ್ತಿದ್ದೆ. ಈಗ "ಐವತ್ತಮ್ಮಾ" ಎಂದುಬಿಡುತ್ತೇನೆ, ಅವರಿಗೂ ಸಮಾಧಾನ. ಒಮ್ಮೆ ನನ್ನ ಪಂದ್ಯ ಟೀವಿಯಲ್ಲಿ ಬರುತ್ತದೆಂದು ತಿಳಿದು ಚಾಮರಾಜಪೇಟೆಯ ನಮ್ಮ ವಠಾರದವರನ್ನೆಲ್ಲ ಅಮ್ಮ ಮನೆಗೆ ಕರೆದು ಕೂರಿಸಿದರು. ಕ್ಯಾಮೆರಾದವನಿಗೆ ನನ್ನ ಎದುರಾಳಿಯ ಮೇಲೆ ಪ್ರೀತಿ. ಒಂದು ಗಂಟೆಯಲ್ಲಿ ನನ್ನ ಬಲ ಮೊಣಕೈ ಮಾತ್ರ ಎರಡು ಸಲ ಬಂದು ಹೋಯಿತು. "ನೋಡ್ರೀ, ಅದು ನಮ್ಮ ಶ್ರೀಧರಂದೇ ಮೊಣಕೈ. ಚಿಕ್ಕವನಿದ್ದಾಗ ಸೈಕಲ್ಲಿಂದ ಬಿದ್ದ ಗಾಯ ಇನ್ನೂ ಇದೆ" ಎಂದು ಅಮ್ಮ ಎಲ್ಲರಿಗೂ ತೋರಿಸಿದರಂತೆ.

ಹಾಗೆಂದು ನನಗೆ ಏಳಿಗೆಯ ದಿನಗಳೇ ಇರಲಿಲ್ಲ ಎಂದುಕೊಳ್ಳಬೇಡಿ. ಒಂದು ವರ್ಷ ರಾಜ್ಯ ತಂಡಕ್ಕೆ ಆಯ್ಕೆಯಾಗಿ, ರೈಲಿನಲ್ಲಿ ಎರಡು ದಿನ ಕೂತು ಹೋಗಿ, ರಾಷ್ಟ್ರಮಟ್ಟದ ಪಂದ್ಯದ ಮೊದಲನೇ ಸುತ್ತಿನಲ್ಲಿ ದೊಡ್ಡ ಹೆಸರಿನ ಆಟಗಾರರೊಬ್ಬರನ್ನು ಸೋಲಿಸಿದೆ. ಅವತ್ತು ಅವರಿಗೆ ಕೆಂಡದಂಥ ಜ್ವರ. ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಅವರೂ ಹೇಳಿಕೊಳ್ಳಲಿಲ್ಲ, ದೊಡ್ಡ ಮನುಷ್ಯರು. ಮಾರನೆಯ ದಿನ ಎರಡನೇ ಸುತ್ತಿನಲ್ಲಿ ನಾನು ಎಷ್ಟು ಬೇಗ ಸೋತೆನೆಂದರೆ, ಕತ್ತಿನ ಬೋ ಟೈ ಕಟ್ಟಿದ ಹಾಗೇ ಇತ್ತು, ಒಂದು ಸುಕ್ಕೂ ಬಿದ್ದಿರಲಿಲ್ಲ. ಊರಿಗೆ ಬಂದ ಮೇಲೆ ಮತ್ತೆ ನಮ್ಮ ಸ್ನೂಕರ್ ಪಾರ್ಲರಿನಲ್ಲಿ ಸಂಜೆ ಹೊತ್ತು ನಾಲ್ಕು ಜನರಿಗೆ ಕ್ಯೂ ಕೋಲು ಹಿಡಿಯುವುದನ್ನು ಕಲಿಸುತ್ತಾ, ಬೆಳಿಗ್ಗೆ ಅಭ್ಯಾಸ ಮಾಡುತ್ತಾ ನೆಮ್ಮದಿಯಾಗಿದ್ದೆ. ನೆಮ್ಮದಿ ನನಗೆ ಸ್ವಲ್ಪ ಸುಲಭವಾಗಿಯೇ ಒದಗುತ್ತದೆ. ಒಳ್ಳೆಯ ಆಟಗಾರನಾಗದಿರುವುದಕ್ಕೆ ಅದೂ ಒಂದು ಕಾರಣ ಎಂದು ನನ್ನ ಗುರುಗಳು ಹೇಳುತ್ತಿದ್ದರು.

ಆದರೆ ಕಳೆದ ವರ್ಷ ಪಾರ್ಲರಿನಲ್ಲಿ ಕಲಿಯುವವರು ನಾಲ್ವರಿಂದ ಇಬ್ಬರಿಗೆ ಇಳಿದರು. ಆ ಇಬ್ಬರಲ್ಲಿ ಒಬ್ಬರಿಗೆ ಮಂಡಿನೋವು. ಅದೇ ಸಮಯಕ್ಕೆ ಮಾಲತಿಯ ತಮ್ಮ ಪ್ರಕಾಶ ಮನೆಗೆ ಬಂದ. ಅವನಿಗೆ ಮಾಮೂಲ್‌ಪೇಟೆಯಲ್ಲಿ ಬಕೆಟ್ಟು, ಟಬ್ಬುಗಳ ಹೋಲ್‌ಸೇಲ್ ಅಂಗಡಿ. "ಭಾವ, ನೀವೇನೂ ಮಾಡ್ಬೇಡಿ. ಬಂದು ಅಂಗಡೀಲಿ ಕೂತ್ಕೊಳ್ಳಿ ಸಾಕು. ಮನೆಯವರು ಒಬ್ರು ಇದಾರೆ ಅಂದ್ರೆ ನನಗೂ ಧೈರ್ಯ" ಎಂದ. ಒಳ್ಳೆಯ ಹುಡುಗ, ಪ್ರೀತಿಯಿಂದಲೇ ಹೇಳಿದ್ದು. ಆದರೆ ನೀಲಿ ಬಕೆಟ್ಟುಗಳ ಗೋಪುರದ ಪಕ್ಕ ಬೆಳಗಿನಿಂದ ಸಂಜೆವರೆಗೆ ಕೂತಿರುವ ನನ್ನನ್ನು ನೆನೆಸಿಕೊಂಡರೆ ನನಗೇ ದುಃಖ ಉಕ್ಕಿ ಬಂತು. ಕೊನೆಗೆ ನಾನೂ ಮಾಲತಿಯೂ ಒಂದು ಒಪ್ಪಂದಕ್ಕೆ ಬಂದೆವು. ಈ ಸಲ ರಾಜ್ಯ ತಂಡಕ್ಕೆ ಆಯ್ಕೆಯಾದರೆ ಆಟ ಮುಂದುವರಿಸುವುದು. ಆಗದಿದ್ದರೆ ಮರುದಿನವೇ ಮಾಮೂಲ್‌ಪೇಟೆ.

ಅದೃಷ್ಟ ನೋಡಿ, ಆಯ್ಕೆಯ ಪಂದ್ಯಗಳೆಲ್ಲ ಮುಗಿದು ತಂಡದಲ್ಲಿ ಒಂದೇ ಒಂದು ಜಾಗ ಉಳಿಯಿತು. ಅದಕ್ಕೆ ಉಳಿದವರು ಇಬ್ಬರು. ನಾನು ಮತ್ತು ಮಲ್ಲೇಶ್ವರದ ನಂಜುಂಡ. ನಮ್ಮಿಬ್ಬರ ನಡುವೆ ಒಂದು ಪಂದ್ಯ, ಗೆದ್ದವನಿಗೆ ಆ ಜಾಗ. ಇಬ್ಬರೂ ಒಂದೇ ವರ್ಷ ಆಟ ಶುರು ಮಾಡಿದವರು, ಪಟ್ಟಿಯ ಒಂದೇ ಪುಟದಲ್ಲಿ ಹತ್ತಿರ ಹತ್ತಿರ ಹೆಸರಿರುವವರು. ಎಷ್ಟೋ ಊರುಗಳಲ್ಲಿ ಮೊದಲನೇ ಸುತ್ತಿನಲ್ಲೇ ಸೋತು, ಒಟ್ಟಿಗೆ ಊರು ಸುತ್ತಿ ಬಂದಿದ್ದೇವೆ.

ಇನ್ನು ವೇಸ್ಟ್‌ಕೋಟಿನ ವಿಷಯ ಹೇಳಬೇಕು. ನಮ್ಮ ಆಟದಲ್ಲಿ ಮುಖ್ಯ ಪಂದ್ಯಗಳಿಗೆ ತೋಳಿಲ್ಲದ ಕಪ್ಪು ವೇಸ್ಟ್‌ಕೋಟು ಕಡ್ಡಾಯ. ನನ್ನದನ್ನು ಬಳೇಪೇಟೆಯ ಟೈಲರೊಬ್ಬರು ನನ್ನ ಮದುವೆಗೂ ಮುಂಚೆ ಹೊಲಿದುಕೊಟ್ಟಿದ್ದು. ಬಟ್ಟೆ ಹಾಗೇ ಇದೆ, ಅದರೊಳಗಿನ ಮನುಷ್ಯ ಮಾತ್ರ ವರ್ಷಾವರ್ಷ ವಿಸ್ತಾರವಾದ. ಬೆಣ್ಣೆ ಮಸಾಲೆ ದೋಸೆ ಸಿಗುವ ಬಡಾವಣೆಯಲ್ಲಿ ಹುಟ್ಟಿದ್ದು ನನ್ನ ತಪ್ಪಲ್ಲ. ಪಂದ್ಯದ ಹಿಂದಿನ ದಿನ ಹಾಕಿ ನೋಡಿದರೆ ಗುಂಡಿ ಒಂದು ಕಡೆ, ಕಾಜ ಒಂದು ಕಡೆ. ಮಾಲತಿ ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಅಮ್ಮನ ಹಳೆಯ ಕಪ್ಪು ರವಿಕೆಯಿಂದ ಪಟ್ಟಿ ಕತ್ತರಿಸಿ ಸೇರಿಸಿದಳು. "ನಾಳೆ ನಾನೂ ಬರ್ತೀನಿ" ಎಂದಳು. ಅಲ್ಲಿಯವರೆಗೆ ಅವಳು ನನ್ನ ಪಂದ್ಯ ನೋಡಲು ಬಂದವಳೇ ಅಲ್ಲ. "ಸೋತರೆ ಒಟ್ಟಿಗೆ ಮನೆಗೆ ಬರೋಣ" ಎಂದು ಸೇರಿಸಿದಳು.

ಪಂದ್ಯ ಸಮಸಮವಾಗಿ ಕೊನೆಯ ಫ್ರೇಮಿಗೆ, ಅಂದರೆ ಕೊನೆಯ ಆಟಕ್ಕೆ, ಹೋಯಿತು. ಕೊನೆಯ ಫ್ರೇಮೂ ಕೊನೆಗೆ ಬಂತು. ಮೇಜಿನ ಮೇಲೆ ಉಳಿದಿದ್ದು ಗುಲಾಬಿ ಚೆಂಡು, ಕಪ್ಪು ಚೆಂಡು ಎರಡೇ. ಗುಲಾಬಿಯನ್ನು ಪಾಕೆಟ್ಟಿಗೆ ಹಾಕಿದರೆ ಪಂದ್ಯ ನನ್ನದು. ಅದೇನೋ ಪಾಕೆಟ್ಟಿನ ಬಾಯಲ್ಲೇ ಇತ್ತು. ಆದರೆ ನಾನು ಹೊಡೆಯಬೇಕಾದ ಬಿಳಿ ಚೆಂಡು ಮೇಜಿನ ಆಚೆ ಕಡೆ, ಕಪ್ಪು ಚೆಂಡು ಈಚೆ, ನನಗೂ ಬಿಳಿಗೂ ನಡುವೆ. ಒಂದು ಕಾಲು ನೆಲದ ಮೇಲೆ ಊರಿ, ಇನ್ನೊಂದನ್ನು ಹಿಂದಕ್ಕೆ ಎತ್ತಿ, ಕಪ್ಪು ಚೆಂಡಿನ ಮೇಲೆ ಇಡೀ ದೇಹವನ್ನು ಚಾಚಿದೆ. ಹೊಡೆದೆ. ಗುಲಾಬಿ ಪಾಕೆಟ್ಟಿಗೆ ಬಿತ್ತು. ಅದೇ ಕ್ಷಣದಲ್ಲಿ ಪಕ್ಕೆಯಲ್ಲಿ ಪರ್ ಎಂದು ಏನೋ ಬಿಟ್ಟುಕೊಂಡ ಹಾಗಾಯಿತು. ವೇಸ್ಟ್‌ಕೋಟಿನ ಮುಂಭಾಗ ಜೋತುಬಿದ್ದು ಕಪ್ಪು ಚೆಂಡಿಗೆ ಸೋಕಿತು. ಚೆಂಡು ಕೂತಲ್ಲೇ ಒಂದಿಷ್ಟು ಅಲುಗಾಡಿ ಸುಮ್ಮನಾಯಿತು.

ಇಲ್ಲಿ ನಮ್ಮವರ ಒಂದು ಪದ್ಧತಿ ನಿಮಗೆ ತಿಳಿದಿರಬೇಕು. ಆಡುವಾಗ ಕೈಯೋ ಬಟ್ಟೆಯೋ ಚೆಂಡಿಗೆ ಸೋಕಿದರೆ ಅದು ಫೌಲ್. ರೆಫ್ರಿ ನೋಡಿದರೆ ಅವರು ಕೂಗುತ್ತಾರೆ. ನೋಡದಿದ್ದರೆ ಸೋಕಿಸಿದವನೇ ಎದ್ದು ನಿಂತು "ಫೌಲ್" ಎನ್ನಬೇಕು. ನನ್ನ ಗುರುಗಳು ಮೊದಲ ದಿನವೇ, "ಗುರಿ ಇಡೋದು ಆಮೇಲೆ ಕಲಿ, ಮೊದಲು ಬಾಯಿ ಬಿಡೋದು ಕಲಿ" ಎಂದಿದ್ದರು. ನಾನೂ ಇಷ್ಟು ವರ್ಷಗಳಲ್ಲಿ ಹತ್ತಾರು ಸಲ ಬಾಯಿ ಬಿಟ್ಟಿದ್ದೇನೆ. ಆದರೆ ಅವೆಲ್ಲ ಗೆಲುವು ಖಚಿತವಾಗಿದ್ದ ಆಟಗಳು, ಇಲ್ಲವೇ ಸೋಲು ಖಚಿತವಾಗಿದ್ದವು. ಅಲ್ಲೆಲ್ಲ ಸತ್ಯವಂತನಾಗುವುದು ಕಷ್ಟವೇ ಅಲ್ಲ.

ಆ ದಿನ ಮಾತ್ರ ನಾನು ತಕ್ಷಣ ಬಾಯಿ ಬಿಡಲಿಲ್ಲ. ಮೆಲ್ಲಗೆ ಎದ್ದು ನಿಂತು ಸುತ್ತ ನೋಡಿದೆ. ರೆಫ್ರಿ ಆಚೆ ಬದಿಯಲ್ಲಿದ್ದರು, ಅವರಿಗೆ ನನ್ನ ಹೊಟ್ಟೆಯೇ ಅಡ್ಡ. ನಂಜುಂಡ ಕುರ್ಚಿಯಲ್ಲಿ ತಲೆ ತಗ್ಗಿಸಿ ಶೂ ನೋಡುತ್ತಿದ್ದ. ನೋಡುಗರಲ್ಲಿ ಕೆಲವರು ಚಪ್ಪಾಳೆಗೆ ಕೈ ಎತ್ತಿದ್ದರು. ನನ್ನ ಕಣ್ಣ ಮುಂದೆ ನೀಲಿ ಬಕೆಟ್ಟುಗಳು ಬಂದು ನಿಂತವು. ಸುಮ್ಮನಿದ್ದುಬಿಡು ಎಂದು ಒಳಗೆ ಯಾರೋ ಹೇಳಿದರು. ಆಗ ಎರಡನೇ ಸಾಲಿನಲ್ಲಿ ಕೂತ ಮಾಲತಿ ಕಾಣಿಸಿದಳು. ಮುಖ ಬಿಳಿಚಿಕೊಂಡು, ಕಣ್ಣು ಅಗಲಿಸಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಇವಳು ನೋಡಿಬಿಟ್ಟಳು! ಇನ್ನು ಜೀವನಪೂರ್ತಿ ಇವಳ ಜೊತೆ ಊಟಕ್ಕೆ ಕೂರಬೇಕು. ನಾನು ಕೈ ಎತ್ತಿ, "ಫೌಲ್. ಕಪ್ಪು ಚೆಂಡಿಗೆ ತಾಗಿತು" ಎಂದೆ.

ಕಪ್ಪು ಚೆಂಡಿನ ಬೆಲೆಯಾದ ಏಳು ಅಂಕ ದಂಡವಾಗಿ ನಂಜುಂಡನಿಗೆ ಹೋದವು. ಗುಲಾಬಿ ಚೆಂಡನ್ನು ತೆಗೆದು ಮತ್ತೆ ಮೇಜಿನ ಮೇಲಿಟ್ಟರು. ಅವನು ಬಂದು ಅದನ್ನು ನೀಟಾಗಿ ಹಾಕಿದ, ಪಂದ್ಯ ಮುಗಿಯಿತು. ಮುಗಿದದ್ದೇ ಅವನು ಕ್ಯೂ ಬಿಸಾಡಿ ನನ್ನನ್ನು ತಬ್ಬಿಕೊಂಡು ಅತ್ತ. "ಮಗಾ, ನಿನ್ ಜಾಗದಲ್ಲಿ ನಾನಿದ್ದಿದ್ರೆ ಖಂಡಿತ ಹೇಳ್ತಿರ್ಲಿಲ್ಲ ಕಣೋ" ಎಂದ. ಎಷ್ಟು ಸಲೀಸಾಗಿ ನಿಜ ಹೇಳಿಬಿಟ್ಟ ನೋಡಿ. ನಾನು ಅವನ ಬೆನ್ನು ತಟ್ಟುತ್ತಾ, ಇದೆಲ್ಲ ನನಗೆ ಮಾಮೂಲು ಎನ್ನುವ ಹಾಗೆ ನಿಂತಿದ್ದೆ.

ಆಟೋದಲ್ಲಿ ಬರುವಾಗ ಮಾಲತಿ ನನ್ನ ಕೈ ಹಿಡಿದುಕೊಂಡು, "ನನ್ನಿಂದಲೇ ಆಗಿದ್ದು, ಬೇಜಾರು ಮಾಡ್ಕೋಬೇಡಿ" ಎಂದಳು.

"ನಿನ್ನಿಂದ ಏನಾಯ್ತು? ನೀನು ನೋಡಿದ್ದು ಒಳ್ಳೇದೇ ಆಯ್ತು" ಎಂದೆ.

"ಏನು ನೋಡಿದೆ?"

"ಅದೇ, ಕೋಟು ಬಾಲಿಗೆ ತಾಗಿದ್ದು. ಬಾಯಿ ಮುಚ್ಕೊಂಡು ಕೂತಿದ್ಯಲ್ಲ!"

"ಅಯ್ಯೋ, ಅದು ನೀವು ಹೇಳಿದ್ಮೇಲೇ ನಂಗೆ ಗೊತ್ತಾಗಿದ್ದು. ನಿನ್ನೆ ಕಪ್ಪು ದಾರ ಮುಗಿದುಹೋಗಿತ್ತು. ಯಾರು ನೋಡ್ತಾರೆ ಅಂತ ಹಸಿರು ದಾರದಲ್ಲೇ ಹೊಲಿದುಬಿಟ್ಟಿದ್ದೆ. ಹೊಲಿಗೆ ಬಿಟ್ಟು ಆ ದಾರ ಎಲ್ಲರ ಮುಂದೆ ನೇತಾಡ್ತಾ ಇತ್ತು. ನಾಚಿಕೇಲಿ ನನ್ನ ಪ್ರಾಣವೇ ಹೋದಹಾಗಾಯ್ತು" ಎಂದಳು.

ಮನೆಯೊಳಗೆ ಕಾಲಿಡುತ್ತಲೇ ಅಮ್ಮ ಎಷ್ಟು ರನ್ ಎಂದು ಕೇಳಿದರು. "ಔಟಾದೆನಮ್ಮಾ" ಎಂದೆ. ಬಟ್ಟೆ ಬದಲಾಯಿಸಿ ಬಂದು ಮಾಲತಿಗೆ ಎಲ್ಲವನ್ನೂ ಹೇಳಿದೆ, ಸುತ್ತ ನೋಡಿದ್ದನ್ನೂ ಸೇರಿಸಿ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೂ ನಗು ಬಂತು. ಇಪ್ಪತ್ತೆರಡು ವರ್ಷದ ಆಟ ಮುಗಿದ ಸಂಜೆ ನಾವಿಬ್ಬರೂ ಅಷ್ಟು ನಕ್ಕಿದ್ದು ಯಾಕೆಂದು ಅಮ್ಮನಿಗೆ ಅರ್ಥವಾಗಲಿಲ್ಲ.

ಮಾರನೆಯ ದಿನ ನಾನು ಮಾಮೂಲ್‌ಪೇಟೆಗೆ ಹೋಗಿ ಕೂತೆ. ಮಾತು ಮಾತೇ. ಆದರೆ ಅಷ್ಟರಲ್ಲಿ ನಂಜುಂಡ ನನ್ನ ಸತ್ಯಸಂಧತೆಯನ್ನು ಮಲ್ಲೇಶ್ವರದಿಂದ ಹಿಡಿದು ಬಸವನಗುಡಿಯವರೆಗೆ ಸಾರಿಬಿಟ್ಟಿದ್ದ. ವಾರದೊಳಗೆ ಪಾರ್ಲರಿನ ಮಾಲೀಕರು ಅಂಗಡಿಗೇ ಬಂದರು. "ಏನ್ ಸಾರ್, ಇಲ್ಲಿ ಬಕೆಟ್ ಮಧ್ಯೆ ಕೂತಿದೀರಾ? ಅಪ್ಪ ಅಮ್ಮಂದಿರು ಮಕ್ಕಳನ್ನ ಕರ್ಕೊಂಡು ಬರ್ತಿದಾರೆ. ಫೌಲ್ ಹೇಳಿದ ಸಾರ್ ಹತ್ರಾನೇ ಕಲಿಸ್ಬೇಕಂತೆ. ಬನ್ನಿ, ಬನ್ನಿ" ಎಂದರು. ಈಗ ಬೆಳಿಗ್ಗೆ ಒಂದು ತಂಡ, ಸಂಜೆ ಎರಡು. ಗೆದ್ದಿದ್ದರೆ ಇಷ್ಟು ಜನ ಬರುತ್ತಿರಲಿಲ್ಲ. ಪ್ರಕಾಶನೂ ಖುಷಿಯಾಗಿಯೇ ಕಳಿಸಿಕೊಟ್ಟ. ಅಂಗಡಿಯಲ್ಲಿ ಕೂತಷ್ಟು ದಿನವೂ ನಾನು ಗಿರಾಕಿಗಳಿಗೆ ಬಕೆಟ್ಟಿನ ಬಿರುಕು ತೋರಿಸಿಯೇ ಕೊಡುತ್ತಿದ್ದೆ, ಅವನಿಗೆ ಅದು ಸ್ವಲ್ಪ ಕಷ್ಟವಾಗಿತ್ತು.

ಮೊನ್ನೆ ಮಾಲತಿಯ ಶಾಲೆಯವರು ಪ್ರಾಮಾಣಿಕತೆಯ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆಸಿದರು. ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಮೈಕಿನ ಮುಂದೆ ನಿಲ್ಲಿಸಿದರು. ಉಪಾಧ್ಯಾಯರ ಸಾಲಿನಲ್ಲಿ ಮಾಲತಿ ಕೂತಿದ್ದಳು. ಅವಳ ಕಡೆ ನೋಡದೆ ಇಪ್ಪತ್ತು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ ಅನ್ನಿಸುತ್ತದೆ. ಕೊನೆಯಲ್ಲಿ ಪ್ರಶ್ನೆ ಕೇಳಬಹುದು ಎಂದಾಗ ಎರಡು ಜಡೆ ಹಾಕಿದ ಒಬ್ಬ ಹುಡುಗಿ ಎದ್ದು, "ಸಾರ್, ಯಾರಿಗೂ ಗೊತ್ತಾಗಲ್ಲ ಅಂತ ಗ್ಯಾರಂಟಿ ಇದ್ದಿದ್ರೂ ನೀವು ನಿಜ ಹೇಳ್ತಿದ್ರಾ?" ಎಂದು ಕೇಳಿದಳು.

ನಾನು ಹೆಗಲ ಮೇಲಿನ ಶಾಲು ಸರಿಪಡಿಸಿಕೊಂಡೆ. "ಖಂಡಿತ ಹೇಳ್ತಿದ್ದೆ ಪುಟ್ಟಾ" ಎಂದೆ. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು, ನಾನು ಕೈಮುಗಿದು ಕೂತೆ.

ಶಾಲೆ ಬಿಟ್ಟ ಮೇಲೆ ಇಬ್ಬರೂ ನಡೆದುಕೊಂಡೇ ಮನೆಗೆ ಹೊರಟೆವು. ಹಣ್ಣಿನ ಬುಟ್ಟಿ ನನ್ನ ಕೈಯಲ್ಲಿತ್ತು. ಗಾಂಧಿ ಬಜಾರು ಹತ್ತಿರ ಬರುವಾಗ ಮಾಲತಿ, "ಆ ಮಗೂಗೆ ನಿಜ ಹೇಳ್ಬಹುದಿತ್ತು ರೀ" ಎಂದಳು.

"ಅಯ್ಯೋ ಬಿಡೇ, ನಿನ್ನ ಬಿಟ್ರೆ ಯಾರಿಗೆ ಗೊತ್ತಾಗುತ್ತೆ?"

"ಅವಳು ಕೇಳಿದ್ದೂ ಅದನ್ನೇ ಅಲ್ವಾ?" ಎಂದು ಹೇಳಿ, ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದುಕೊಂಡು ಸುಲಿಯುತ್ತಾ ಮುಂದೆ ನಡೆದಳು.