ಬ್ಯೂಟೇನಿನ ಕಾಗುಣಿತ

ಶನಿವಾರ ಮುಂಜಾನೆ ರಜನಿ ತನ್ನ ಗಂಡನಿಗೆ ಒಪ್ಪಿಸಿದ ಕೆಲಸ ಒಂದೇ ಒಂದು. ಅಡಿಗೆಮನೆಯ ಕಟ್ಟೆಯ ಮೇಲಿದ್ದ ಸ್ಟೀಲಿನ ಪರಾತವನ್ನು ಕೆಲಗೇರಿಯ ಮನೆಯಿಂದ ತಾನು ರಸಾಯನಶಾಸ್ತ್ರ ಕಲಿಸುವ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಹನ್ನೊಂದು ಗಂಟೆಯೊಳಗೆ ತಂದು ಮುಟ್ಟಿಸಬೇಕು. ದಾರಿ ಹೆಚ್ಚೆಂದರೆ ನಾಲ್ಕು ಕಿಲೋಮೀಟರು.

ಪರಾತದಲ್ಲಿ ಉಂಡಿಗಳಿದ್ದವು. ನಾಲ್ಕು ದಪ್ಪ ಎಳ್ಳುಂಡಿಗಳು ಸಾಲಾಗಿ ಕೂತಿದ್ದವು. ಅವುಗಳ ಸುತ್ತ ಹತ್ತು ಸಣ್ಣ ರವೆ ಉಂಡಿಗಳು. ಊದಿನಕಡ್ಡಿಯ ಮಸಾಲೆ ಕೆರೆದು ತೆಗೆದು, ಆ ಕಡ್ಡಿಗಳಿಂದ ಎಲ್ಲವನ್ನೂ ಒಂದಕ್ಕೊಂದು ಸಿಕ್ಕಿಸಲಾಗಿತ್ತು. ನೋಡಿದವರಿಗೆ ಅದು ಅಂಗಾತ ಬಿದ್ದು ಕೈಕಾಲು ಝಾಡಿಸುವ ಹುಳುವಿನಂತೆ ಕಾಣುತ್ತಿತ್ತು. ಪಕ್ಕದಲ್ಲಿ ರಜನಿ ಪೆನ್ಸಿಲಿನಿಂದ ದಪ್ಪಗೆ ಬರೆದ ಚೀಟಿ: ಬ್ಯೂಟೇನ್.

"ಕರೇವು ಇಂಗಾಲ, ಬಿಳೇವು ಹೈಡ್ರೋಜನ್," ಎಂದು ರಜನಿ ಸ್ಕೂಟರಿನ ಕೀಲಿ ಹುಡುಕುತ್ತ ಹೇಳಿದಳು. "ಒಂದೊಂದು ಇಂಗಾಲಕ್ಕ ನಾಲ್ಕ ಕೈ ಇರ್ತಾವ. ಒಂದೂ ಖಾಲಿ ಇರಬಾರದು. ನಾ ಮುಂದ ಹೋಗಿ ಟೇಬಲ್ ಹಾಕಸ್ತೀನಿ. ನೀವು ಆಟೋದಾಗ ಸಾವಕಾಶ ಬರ್ರಿ. ಎಣಿಸಿಕೊಂಡ ತರ್ರಿ."

ತ್ರ್ಯಂಬಕ ಮಾಸ್ತರರು ತಲೆ ಅಲ್ಲಾಡಿಸಿದರು. ಅವರು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವವರು. ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ಕಾಗುಣಿತ ತಿದ್ದಿಸುತ್ತಿದ್ದರೂ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಸರಿಯಾಗಿ ಬರೆದ ಒಂದು ಮಗುವನ್ನೂ ಕಂಡವರಲ್ಲ. ಮನೆಯಲ್ಲಿ ಅವರ ದರ್ಜೆ ಅದಕ್ಕಿಂತ ಕೆಳಗಿತ್ತು. ಹೋದ ವರ್ಷ ಇದೇ ವಿಜ್ಞಾನ ಪ್ರದರ್ಶನಕ್ಕೆ ಮೂಲಧಾತುಗಳ ಚಾರ್ಟ್ ತನ್ನಿ ಎಂದರೆ, ಸುರುಳಿ ಅದಲುಬದಲಾಗಿ ಬಂಗಾರದಂಗಡಿಯ ಕ್ಯಾಲೆಂಡರ್ ಒಯ್ದು ಕೊಟ್ಟಿದ್ದರು. ಪರೀಕ್ಷಕರ ಮುಂದೆ ರಜನಿ ಅದನ್ನು ಬಿಚ್ಚಿದಾಗ ಎರಡು ಆನೆಗಳ ನಡುವೆ ಲಕ್ಷ್ಮಿ ನಗುತ್ತ ನಿಂತಿದ್ದಳು. ಮೊದಲ ಬಹುಮಾನ ಸತತ ನಾಲ್ಕನೇ ಸಲ ಭೌತಶಾಸ್ತ್ರದ ಸೌಮ್ಯಾ ಮೇಡಮ್ಮಿಗೆ ಹೋಯಿತು. ಆಮೇಲೆ ರಜನಿ ಹದಿನೈದು ದಿನ ಗಂಡನೊಡನೆ ಚೀಟಿ ಬರೆದು ಮಾತಾಡಿದಳು.

ಹೀಗಾಗಿ ಈ ಸಲ ಮಾಸ್ತರರು ಪರಾತವನ್ನು ನವಜಾತ ಶಿಶುವಿನಂತೆ ಎತ್ತಿಕೊಂಡು ಹೊರಬಿದ್ದರು. ಕಾಂಪೌಂಡಿನ ಗೇಟಿನ ತನಕ ಎಲ್ಲ ಸುಸೂತ್ರ.

ಗೇಟಿನ ಕಟ್ಟೆಯ ಮೇಲೆ ಸಂಗವ್ವ ಕೂತಿದ್ದಳು. ಎಂಬತ್ತರ ಮುದುಕಿ. ಆ ಓಣಿಯಿಂದ ಏನೇ ಹೊರಗೆ ಹೋದರೂ ಅವಳ ತಪಾಸಣೆ ಆಗಿಯೇ ಹೋಗಬೇಕು.

"ಏನ್ ಹೊತ್ಕೊಂಡ ಹೊಂಟೀರಿ ಮಾಸ್ತರ?"

"ಬ್ಯೂಟೇನ್ ಆಯಿ."

"ಅದ್ಯಾವ ದೇವರಪಾ, ನಾ ಕೇಳೇ ಇಲ್ಲ," ಎಂದವಳೇ ಸಂಗವ್ವ ಎರಡು ರವೆ ಉಂಡಿ ಕಿತ್ತು, ಒಂದನ್ನು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿದಳು. ಇನ್ನೊಂದನ್ನು ಕಣ್ಣಿಗೆ ಒತ್ತುವ ಉಪಚಾರವನ್ನೂ ಮಾಡಲಿಲ್ಲ. "ಯಾಲಕ್ಕಿ ಕಡಿಮಿ ಆಗೇತಿ ನೋಡ್ರಿ."

ಮೊದಲನೆಯ ಎಳ್ಳುಂಡಿಯಲ್ಲಿ ಎರಡು ಕಡ್ಡಿಗಳು ಬೋಳಾಗಿ ನಿಂತಿದ್ದವು. ಆಗ ಪಕ್ಕದ ಮನೆಯ ಬುಶ್ರಾ ಚೀಲ ಹೆಗಲಿಗೇರಿಸಿ ನೀಟ್ ಕೋಚಿಂಗಿಗೆ ಹೊರಟಿದ್ದವಳು ಎದುರಿಗೆ ಬಂದಳು. ಮಾಸ್ತರರ ಕೈಯಲ್ಲೇ ಅಕ್ಷರ ಕಲಿತ ಹುಡುಗಿ.

"ಬುಶ್ರಾ, ಎರಡು ಹೈಡ್ರೋಜನ್ ಹೋದ್ವು. ಏನರೆ ಮಾಡಲಿಕ್ಕೆ ಬರ್ತದೇನವಾ?"

ಬುಶ್ರಾ ಪರಾತ ನೋಡಿ ನಕ್ಕಳು. "ಇದಕ್ಯಾಕ ಇಷ್ಟ ಹೆದರ್ತೀರಿ ಸರ್. ಎರಡನೇದರಾಗಿಂದ ಒಂದ ಬಿಳೀದು ತಗದು ಮೊದಲನೇದಕ್ಕ ಹಾಕೋದು. ಈಗ ಇಬ್ಬರಿಗೂ ಒಂದೊಂದ ಕೈ ಖಾಲಿ ಉಳೀತು. ಆ ಕೈ ಇಬ್ಬರೂ ಹಿಡ್ಕೋಳ್ಳಿ." ಅವಳು ಬೋಳು ಕಡ್ಡಿ ಎರಡನ್ನೂ ಕಿತ್ತು, ಒಂದನ್ನು ಎರಡು ಎಳ್ಳುಂಡಿಗಳ ನಡುವೆ ಇದ್ದ ಕಡ್ಡಿಯ ಪಕ್ಕ ಇನ್ನೊಂದಾಗಿ ಸಿಕ್ಕಿಸಿದಳು. "ಎಲ್ಲಾರಿಗೂ ನಾಲ್ಕ ಕೈ ತುಂಬಿದ್ವು. ಆದ್ರ ಹೆಸರು ಬದಲಾತು. ಈಗಿದು ಬ್ಯೂಟೇನ್ ಅಲ್ಲ, ಬ್ಯೂಟೀನ್."

"ಅಷ್ಟ?"

"ಅಷ್ಟ ಸರ್. ನಡುವ ಒಂದ ಕಡ್ಡಿ ಇದ್ರ 'ಏನ್', ಎರಡಿದ್ರ 'ಈನ್', ಮೂರಿದ್ರ 'ಐನ್'. ಹೆಸರಿನ ಮೊದಲಿಂದು ಕರೇ ಉಂಡಿ ಲೆಕ್ಕ. ಒಂದಕ್ಕ ಮೀಥ್, ಎರಡಕ್ಕ ಈಥ್, ಮೂರಕ್ಕ ಪ್ರೊಪ್, ನಾಲ್ಕಕ್ಕ ಬ್ಯೂಟ್."

ಮಾಸ್ತರರ ಮುಖ ಅರಳಿತು. ಮೂವತ್ತು ವರ್ಷಗಳ ಹಿಂದೆ ತಮ್ಮನ್ನು ಪಿಯುಸಿಯಲ್ಲಿ ಎರಡು ಸಲ ನಪಾಸು ಮಾಡಿದ ವಿಷಯ ಇಷ್ಟೇ ಏನು? "ಅಲ್ಲವಾ, ಇದು ಬರೇ ಕಾಗುಣಿತ ಅಲ್ಲೇನ. ಏತ್ವ, ಗುಡಿಸು, ಐತ್ವ." ಜೇಬಿನಿಂದ ಪೆನ್ಸಿಲ್ಲು, ರಬ್ಬರು ತೆಗೆದು ಚೀಟಿಯ ಮೇಲಿನ 'ಟೇ' ಅಕ್ಷರದ ಏತ್ವ ಅಳಿಸಿ ಗುಡಿಸು ಹಾಕಿದರು. ದೀರ್ಘವನ್ನು ಮುಟ್ಟುವ ಅಗತ್ಯವೇ ಬರಲಿಲ್ಲ.

ಮುಖ್ಯ ರಸ್ತೆಯಲ್ಲಿ ಇಕ್ಬಾಲನ ಆಟೋ ಸಿಕ್ಕಿತು. ಒಳಗೆ ಆಗಲೇ ಒಬ್ಬರು ಕೂತಿದ್ದರು, ಕಾಳುಕಡಿ ವ್ಯಾಪಾರದ ನೀಲಕಂಠಪ್ಪನವರು. ಸೀಟಿನ ಮುಕ್ಕಾಲು ಭಾಗ ಅವರದು. ಉಳಿದ ಕಾಲು ಭಾಗದಲ್ಲಿ ಮಾಸ್ತರರು, ಅವರ ತೊಡೆಯ ಮೇಲೆ ಬ್ಯೂಟೀನು. ಒಂದು ಫರ್ಲಾಂಗು ಹೋಗುವುದರೊಳಗೆ ನೀಲಕಂಠಪ್ಪನವರ ಹಣೆಯ ಮೇಲೆ ಬೆವರಿನ ಹನಿ ಕಾಣಿಸಿತು. ಕೈ ಥರಥರ ನಡುಗತೊಡಗಿತು.

"ಶುಗರ್ ಇಳದಂಗ ಕಾಣತೈತ್ರಿ ಸರ," ಎಂದು ಅವರು ಕ್ಷೀಣ ಧ್ವನಿಯಲ್ಲಿ ಹೇಳಿದರು. "ಮುಂಜಾನೆ ಗುಳಿಗಿ ನುಂಗಿ ನಾಷ್ಟಾ ಮಾಡೋದು ಮರತೇನಿ. ಸೀ ಏನರ ಐತೇನ್ರಿ?"

ಕೇಳಿದ ಬಾಯಿ ದೀನವಾಗಿತ್ತು, ಕಣ್ಣು ಮಾತ್ರ ಪರಾತದ ಮೇಲಿತ್ತು.

"ಇದು ಪ್ರದರ್ಶನಕ್ಕ ಹೊಂಟದ್ದರಿ..."

"ಮಾಸ್ತರ," ಎಂದು ಇಕ್ಬಾಲ ಕನ್ನಡಿಯಲ್ಲಿ ನೋಡುತ್ತ ಹೇಳಿದ, "ನನ್ನ ಗಾಡ್ಯಾಗ ಇವರಿಗೆ ಏನರ ಆದ್ರ ಪೊಲೀಸರಿಗೆ ಉತ್ತರಾ ನಾ ಹೇಳಬೇಕು. ಕೊಟ್ಟಬಿಡ್ರಿ."

ಒಂದು ಜೀವ ದೊಡ್ಡದೋ, ಎರಡು ಹೈಡ್ರೋಜನ್ನು ದೊಡ್ಡದೋ. ಮಾಸ್ತರರು ಮೊದಲನೆಯದರಿಂದ ಒಂದು, ಎರಡನೆಯದರಿಂದ ಒಂದು ರವೆ ಉಂಡಿಯನ್ನು ತಾವೇ ಕಿತ್ತು ಕೊಟ್ಟರು. ಖಾಲಿಯಾದ ಕೈಗಳನ್ನು ಮೂರನೆಯ ಕಡ್ಡಿಯಿಂದ ಜೋಡಿಸಿದರು. ಓಡುವ ಆಟೋದಲ್ಲೇ ಗುಡಿಸನ್ನೂ ದೀರ್ಘವನ್ನೂ ಅಳಿಸಿ ಐತ್ವ ಬರೆದರು. ಬ್ಯೂಟೈನ್. ನೀಲಕಂಠಪ್ಪನವರ ಬೆವರು ಆರಿತು. ಇಳಿಯುವಾಗ ಅವರು, "ಪಾಕ ಹದಾ ಬಂದೈತ್ರಿ. ಹೇಳ್ರಿ ಮನ್ಯಾಗ," ಎಂದು ಅಭಿಪ್ರಾಯ ಕೊಟ್ಟರು.

ಕಾಲೇಜಿನ ಗೇಟಿನಲ್ಲಿ ಕಾವಲಿನ ಲಾಲಬಿ ಕೋಲು ಅಡ್ಡ ಹಿಡಿದಳು.

"ತಿನ್ನೋ ಸಾಮಾನು ಒಳಗ ಬಿಡಂಗಿಲ್ರಿ. ಹೋದ ತಿಂಗಳ ಯಾರೋ ತಂದ ಪಲಾವು ತಿಂದು ಹನ್ನೊಂದು ಹುಡುಗ್ಯಾರು ಮಲಗಿದ್ರು."

"ಇದು ತಿನ್ನೋದಲ್ಲವಾ. ಬ್ಯೂಟೈನ್. ರಜನಿ ಮೇಡಮ್ಮಂದು."

"ಉಂಡಿ ಅಲ್ಲೇನ್ರಿ ಅದು?"

"ಹೌದು, ಉಂಡಿನ."

"ಮತ್ತ?"

ಗಡಿಯಾರ ಹನ್ನೊಂದಕ್ಕೆ ಹತ್ತು ನಿಮಿಷ ಕಡಿಮೆ ತೋರಿಸುತ್ತಿತ್ತು. ರಜನಿಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಲಾಲಬಿ ಸ್ವಲ್ಪ ಕರಗಿ, "ತಂದವರು ನನ್ನ ಮುಂದ ತಿಂದ ತೋರಿಸಿದ್ರ ಬಿಡ್ತೇನಿ. ಬಿಳೇದಲ್ಲ. ಆ ಕರೇದು. ಬಣ್ಣಾನ ಸಂಶಯ ಐತಿ," ಎಂದಳು.

ಹೀಗೆ ತ್ರ್ಯಂಬಕ ಮಾಸ್ತರರು ಕಾಲೇಜಿನ ಗೇಟಿನಲ್ಲಿ ನಿಂತು ಒಂದಿಡೀ ಇಂಗಾಲವನ್ನು ತಿಂದರು. ನಾಲ್ಕನೆಯದು, ತುದಿಯದು. ಎಳ್ಳು ಗಂಟಲಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಅದಕ್ಕೆ ಅಂಟಿದ್ದ ಮೂರು ಹೈಡ್ರೋಜನ್ನುಗಳಲ್ಲಿ ಒಂದನ್ನು ಮೂರನೆಯ ಎಳ್ಳುಂಡಿಯ ಖಾಲಿ ಕೈಗೆ ಕೊಟ್ಟರು. ಮಿಕ್ಕ ಎರಡು ಎಲ್ಲಿಯೂ ಹೊಂದಲಿಲ್ಲ. ಅವನ್ನು ಲಾಲಬಿ ಯಾವ ಸಂಶಯವೂ ಇಲ್ಲದೆ ತಿಂದಳು. ಈಗ ಕರಿಯವು ಮೂರು, ಕಡ್ಡಿಯೂ ಮೂರು. ಮಾಸ್ತರರು ಬೆರಳು ಮಡಿಚಿ ಲೆಕ್ಕ ಹಾಕಿ, ಚೀಟಿಯ ಹಿಂಬದಿಯಲ್ಲಿ ತಮ್ಮ ಸುಂದರ ಅಕ್ಷರಗಳಲ್ಲಿ ಬರೆದರು: ಪ್ರೊಪೈನ್.

ಸಭಾಂಗಣದಲ್ಲಿ ರಸಾಯನಶಾಸ್ತ್ರದ ಟೇಬಲ್ಲಿನ ಹಿಂದೆ ಇಬ್ಬರು ವಿದ್ಯಾರ್ಥಿನಿಯರು ಮಾತ್ರ ನಿಂತಿದ್ದರು. ಅತಿಥಿಗಳ ಸ್ವಾಗತಕ್ಕೆಂದು ಪ್ರಾಚಾರ್ಯರು ರಜನಿಯನ್ನು ಎಳೆದುಕೊಂಡು ಹೋಗಿದ್ದರು. ಮಾಸ್ತರರು ಪರಾತ ಇಳಿಸಿ ಉಸಿರು ಬಿಡುವುದರೊಳಗೆ ಪರೀಕ್ಷಕರು ಬಂದೇಬಿಟ್ಟರು. ಬಿಳಿ ಸಫಾರಿಯ ನಿವೃತ್ತ ಪ್ರಾಧ್ಯಾಪಕರು, ಕೈಯಲ್ಲಿ ಅಂಕಪಟ್ಟಿ.

"ಇದನ್ನ ಯಾರು ವಿವರಿಸ್ತೀರಿ?"

ವಿದ್ಯಾರ್ಥಿನಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಮುಂಜಾನೆಯಿಂದ ಓದಿಕೊಂಡದ್ದು ಬ್ಯೂಟೇನು. ಇದೇನೋ ಬೇರೆ ಬಂದಿತ್ತು. ಲಕ್ಷ್ಮಿಯ ನಗು ಮಾಸ್ತರರ ಕಣ್ಣ ಮುಂದೆ ಹಾದುಹೋಯಿತು. ಈ ಸಲ ಹೆಂಡತಿಯ ಮಾನ ತಮ್ಮಿಂದ ಹೋಗಬಾರದು.

"ನಾ ಹೇಳ್ತೀನ್ರಿ," ಎಂದರು.

ಮತ್ತು ಹೇಳಿದರು. ಮುಂಜಾನೆ ಮನೆ ಬಿಟ್ಟಲ್ಲಿಂದ ಶುರು ಮಾಡಿ, ಸಂಗವ್ವ ಹೇಗೆ 'ಏನ್' ಅನ್ನು 'ಈನ್' ಮಾಡಿದಳು, ನೀಲಕಂಠಪ್ಪನವರ ಶುಗರ್ ಹೇಗೆ 'ಈನ್' ಅನ್ನು 'ಐನ್' ಮಾಡಿತು, ಲಾಲಬಿಯ ಸಂಶಯ ಬ್ಯೂಟನ್ನು ಹೇಗೆ ಪ್ರೊಪ್ ಮಾಡಿತು, ಎಲ್ಲವನ್ನೂ ಮೂರನೇ ಇಯತ್ತೆಯ ಮಕ್ಕಳಿಗೆ ಹೇಳುವ ಹಾಗೆ, ಕಡ್ಡಿ ಕಿತ್ತು ಸಿಕ್ಕಿಸಿ ತೋರಿಸುತ್ತ. ಹತ್ತು ಜನ ಸೇರಿದರು, ಮೂವತ್ತಾದರು. ಸೌಮ್ಯಾ ಮೇಡಂ ತಮ್ಮ ದೂರದರ್ಶಕ ಬಿಟ್ಟು ಬಂದು ನಿಂತರು. ಪರೀಕ್ಷಕರು ಅಂಕಪಟ್ಟಿಯನ್ನು ಬಗಲಿಗೆ ಸಿಕ್ಕಿಸಿ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡರು. ಕೊನೆಗೆ ಚಪ್ಪಾಳೆ. ಗುಂಪಿನ ಹಿಂದೆ ರಜನಿ ನಿಂತಿದ್ದು ಮಾಸ್ತರರಿಗೆ ಆಗ ಕಂಡಿತು. ಅವಳೊಬ್ಬಳು ಚಪ್ಪಾಳೆ ತಟ್ಟುತ್ತಿರಲಿಲ್ಲ. ಗುರುತಿನ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು.

ಒಂದು ಗಂಟೆಗೆ ಫಲಿತಾಂಶ. ಪರೀಕ್ಷಕರು ಮೈಕು ಹಿಡಿದರು.

"ನಲವತ್ತು ವರ್ಷದ ಸೇವಾದಾಗ ಹೈಡ್ರೋಕಾರ್ಬನ್ನುಗಳ ನಾಮಕರಣವನ್ನ ಇಷ್ಟು ಚಂದ ಹೇಳಿದವರನ್ನ ನಾ ನೋಡಿಲ್ಲ. ಅದೂ ಒಬ್ಬ ಕನ್ನಡ ಮಾಸ್ತರರು. ಹಿಂಗಿದ್ದ ಮ್ಯಾಲೆ ಇಲ್ಲಿ ರಸಾಯನಶಾಸ್ತ್ರ ವಿಭಾಗದವರು ಏನು ಮಾಡಲಿಕ್ಕತ್ತಾರ ಅಂತ ನನಗ ತಿಳೀಲಿಲ್ಲ."

ಸಭೆ ನಕ್ಕಿತು. ಮಾಸ್ತರರಿಗೆ ವಿಶೇಷ ಬಹುಮಾನವೆಂದು ಗೋಡೆ ಗಡಿಯಾರ ಕೊಟ್ಟರು. ಬೆನ್ನಿಗೇ ಪ್ರಾಚಾರ್ಯರು ಕೆಮ್ಮಿ, ನಿಯಮದ ಪ್ರಕಾರ ವಿಭಾಗದವರೇ ಮಾದರಿಯನ್ನು ವಿವರಿಸಬೇಕಿತ್ತು, ಆದ್ದರಿಂದ ರಸಾಯನಶಾಸ್ತ್ರ ಸ್ಪರ್ಧೆಯಿಂದ ಹೊರಗೆ, ಮೊದಲ ಬಹುಮಾನ ಐದನೇ ಸಲ ಸೌಮ್ಯಾ ಮೇಡಮ್ಮಿಗೆ, ಎಂದು ಓದಿದರು.

ಸ್ಕೂಟರ್ ನಿಲ್ಲಿಸಿದ ಬೇವಿನ ಮರದ ಕೆಳಗೆ ಮಾಸ್ತರರು ಗಡಿಯಾರ ಅವುಚಿಕೊಂಡು ನಿಂತರು.

"ರಜನಿ, ನಾ ಏನ್ ಮಾಡ್ಲಿ ಹೇಳು. ದಾರ್ಯಾಗ ಎಲ್ಲಾರೂ ತಿಂದರು. ನಾ ಹೆಂಗರೆ ಮಾಡಿ ಸಂಭಾಳಿಸಿದೆ."

"ಖರೇನ, ಭಾಳ ಛಲೋ ಸಂಭಾಳಿಸಿದ್ರಿ," ಎಂದು ರಜನಿ ತಣ್ಣಗೆ ಹೇಳಿ ಚೀಲದೊಳಗೆ ಕೈ ಹಾಕಿದಳು. ಪ್ರಿಂಟ್ ಮಾಡಿಸಿ, ಪ್ಲಾಸ್ಟಿಕ್ ಹಾಕಿಸಿದ ಮೂರು ಕಾರ್ಡು ತೆಗೆದಳು. "ಮೂರು ವಾರದಿಂದ ಕನ್ನಡಿ ಮುಂದ ನಿಂತು ತಯಾರಿ ಮಾಡೀನ್ರಿ. ಪರೀಕ್ಷಕರ ಕೈಲೆ ಎರಡು ಹೈಡ್ರೋಜನ್ ತಿನ್ನಿಸೋದು, ಕಡ್ಡಿ ಹಾಕೋದು, ಕಾರ್ಡ್ ಬದಲಿ ಮಾಡೋದು. ಅದಕ್ಕಂತನ ಉಂಡೀಲೆ ಮಾಡಿದ್ದೆ. ಇಲ್ಲಂದ್ರ ಥರ್ಮಾಕೋಲ್ ಇರಲಿಲ್ಲೇನು ಊರಾಗ?"

ಅವಳು ಮೊದಲ ಕಾರ್ಡನ್ನು ಅವರ ಕೈಯಲ್ಲಿಟ್ಟಳು. ಬ್ಯೂಟೀನ್. ಎರಡನೆಯದನ್ನು ಇಟ್ಟಳು. ಬ್ಯೂಟೈನ್.

ಮಾಸ್ತರರು ಗಡಿಯಾರವನ್ನು ಬಗಲಿಗೆ ಸಿಕ್ಕಿಸಿಕೊಂಡರು. ಗೇಟಿನಲ್ಲಿ ತಾವು ತಿಂದ ಆ ಕರಿ ಉಂಡಿಯಾದರೂ ಯೋಜನೆಯ ಹೊರಗಿನದಾಗಿರಬಹುದು, ಅಷ್ಟರಮಟ್ಟಿಗೆ ತಮ್ಮದೂ ಒಂದು ಸ್ವಂತ ಕೊಡುಗೆ ಉಳಿಯಬಹುದು ಎಂಬ ಆಸೆಯಿಂದ ಮೂರನೆಯ ಕಾರ್ಡನ್ನು ತಾವೇ ಈಸಿಕೊಂಡು ತಿರುಗಿಸಿ ನೋಡಿದರು.

ಪ್ರೊಪೈನ್.

ರಜನಿ ಸ್ಕೂಟರ್ ಚಾಲೂ ಮಾಡಿ, ಅವರ ಕಡೆ ನೋಡದೆ ಗೇಟು ದಾಟಿ ಹೋದಳು.