ಜಾಹೀರಾತಿಗೆ ಬಂದ ನೆಂಟರು

ಪ್ರೀತಿಯಿಂದ ಬಂದವರಿಗೆ ಬರಬೇಡಿ ಎನ್ನುವ ವಿದ್ಯೆ ನನಗೆ ಒಲಿದಿಲ್ಲ. ಬಡ್ಡಿಯವನಿಗೆ ಹೇಳಬಹುದು, ಬೀದಿನಾಯಿಗೆ ಹೇಳಬಹುದು. ಒಳ್ಳೆಯ ಮನಸ್ಸಿನಿಂದ ಬಂದು, ಒಳ್ಳೆಯ ಮನಸ್ಸಿನಿಂದಲೇ ನಷ್ಟ ಮಾಡಿಹೋಗುವವರಿಗೆ ಏನು ಹೇಳುವುದೆಂದು ಮಾತ್ರ ಇವತ್ತಿಗೂ ತಿಳಿದಿಲ್ಲ. ಅಂಥದ್ದೊಂದನ್ನು ಹತ್ತಿರದಿಂದ ಕಂಡವನು ನಾನು. ಆ ಆಘಾತದಿಂದ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಆದ್ದರಿಂದ ಅವಸರ ಮಾಡದೆ, ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ.

ಮೂಡುಬಿದಿರೆಯಲ್ಲಿ ನನ್ನದೊಂದು ಟೈಪಿಂಗ್ ಶಾಲೆಯಿತ್ತು. ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ಟೈಪ್‌ರೈಟರುಗಳ ಮೇಲೆ ಮಕ್ಕಳ ಬೆರಳಿಗಿಂತ ಧೂಳೇ ಹೆಚ್ಚು ಕೂರತೊಡಗಿದ್ದರಿಂದ ಅವನ್ನು ಅಟ್ಟಕ್ಕೇರಿಸಿ, ನಾಲ್ಕು ಕಂಪ್ಯೂಟರ್ ತಂದು ಸೈಬರ್ ಕೆಫೆ ಎಂಬ ಬೋರ್ಡು ಹಾಕಿದೆ. ಬೋರ್ಡು ಬದಲಾದರೂ ಊರಿಗೆ ನಾನು ಮಾಸ್ಟ್ರೇ. ಕಂಪ್ಯೂಟರಿಗೆ ಸಂಬಂಧಿಸಿದ ಎಲ್ಲವೂ ಮಾಸ್ಟ್ರಿಗೆ ಗೊತ್ತು ಎಂಬ ಸುದ್ದಿ ಹೇಗೋ ಹಬ್ಬಿತ್ತು. ನಾನೂ ಅದನ್ನು ಅಲ್ಲಗಳೆಯುವ ಗೋಜಿಗೆ ಹೋಗಿರಲಿಲ್ಲ.

ಆ ಸುದ್ದಿಯನ್ನು ನಂಬಿಕೊಂಡು ಒಂದು ದಿನ ವಾಮದಪದವಿನಿಂದ ಬಸ್ಸು ಹತ್ತಿ ಬಂದವರು ಅದ್ರಾಮಾಕ. ಅಬ್ದುಲ್ ರಹಿಮಾನ್ ಎಂಬ ಪೂರ್ತಿ ಹೆಸರು ಅವರ ರೇಷನ್ ಕಾರ್ಡಿಗೆ ಮಾತ್ರ ಗೊತ್ತು. ತೆಂಗಿನಕಾಯಿ ತುರಿಯುವ ಹೆರೆಮಣೆ ಮಾಡಿ ಮಾರುವುದು ಅವರ ಕಸುಬು. ಅದರಲ್ಲೂ ಅವರದು ಮಡಚುವ ಹೆರೆಮಣೆ. ಕಬ್ಬಿಣದ ನಾಲಿಗೆ ಮಣೆಯೊಳಗೆ ಮಲಗಿಬಿಡುತ್ತದೆ, ಕತ್ತಲಲ್ಲಿ ಎಡವಿದರೂ ಕಾಲು ಕೊಯ್ಯುವುದಿಲ್ಲ. ಇಷ್ಟು ಒಳ್ಳೆಯ ವಸ್ತುವನ್ನು ಕೇಳುವವರಿರಲಿಲ್ಲ. ಮಿಕ್ಸಿಯ ಜೊತೆಗೇ ಕಾಯಿ ತುರಿಯುವ ಯಂತ್ರ ಬಂದುಬಿಟ್ಟಿತ್ತು.

“ಮಾಸ್ಟ್ರೆ, ಸೌದಿಯ ದಮ್ಮಾಮಿನಿಂದ ಭಾವ ಹಮೀದ್ ವೀಸಾ ಕಳಿಸ್ತೇನೆ ಅಂತಾನೆ. ವಾಚ್‌ಮನ್ ಕೆಲಸ,” ಎಂದರು. “ಈ ಪ್ರಾಯದಲ್ಲಿ ನಾನು ಅಲ್ಲಿ ಹೋಗಿ ಯಾರದ್ದೋ ಗೇಟು ಕಾಯುದಾ? ಇಂಟರ್‌ನೆಟ್ಟಿನಲ್ಲಿ ಜಾಹೀರಾತು ಹಾಕಿದ್ರೆ ವ್ಯಾಪಾರ ಆಗ್ತದೆ ಅಂತ ಹೇಳ್ತಾರೆ. ಹೌದಾ?”

“ಆಗ್ತದೆ,” ಎಂದೆ. ಆಗ ನನಗೆ ಗೊತ್ತಿದ್ದದ್ದು ಅಷ್ಟೇ. ಉಳಿದದ್ದನ್ನು ಅವರು ಹೋದ ಮೇಲೆ ಕಲಿತೆ.

ಕಲಿತಂತೆಲ್ಲ ನನಗೇ ಆಶ್ಚರ್ಯವಾಯಿತು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೆ ಹೆರೆಮಣೆ ಬೇಕಾದವನೂ ಬೇಡದವನೂ ಓದಿ ಮಡಚಿಡುತ್ತಾನೆ. ಇದು ಹಾಗಲ್ಲ. ಲೋಕದ ಯಾವುದೋ ಮೂಲೆಯಲ್ಲಿ ಒಬ್ಬರು ಕಾಯಿ ತುರಿಯುವ ಸಾಧನ ಎಲ್ಲಿ ಸಿಗುತ್ತದೆಂದು ಹುಡುಕಿದರೆ, ಆ ಹೊತ್ತಿಗೆ ಸರಿಯಾಗಿ ಬದಿಯಲ್ಲಿ ನಮ್ಮ ಮೂರು ಸಾಲು ಕಾಣಿಸಿಕೊಳ್ಳುತ್ತದೆ. ಕಂಡದ್ದಕ್ಕೆ ಖರ್ಚಿಲ್ಲ; ಅದನ್ನು ಒತ್ತಿ ಒಳಗೆ ಬಂದರೆ ಮಾತ್ರ ಖರ್ಚು. ದಿನಕ್ಕೆ ಇಷ್ಟೇ ಎಂದು ಮಿತಿ ಇಡಬಹುದು. ಮಿತಿ ಮುಗಿಯಿತೋ, ಜಾಹೀರಾತು ಮರುದಿನದವರೆಗೆ ಮಾಯ. ಎಂಥ ಮರ್ಯಾದಸ್ಥ ವ್ಯವಸ್ಥೆ! ಹೆರೆಮಣೆಯ ಫೋಟೊ ಹಾಕಿ ಒಂದು ಪುಟ ಮಾಡಿದೆ. ಮೂರು ಸಾಲು ಬರೆಯಲು ಇಡೀ ಮಧ್ಯಾಹ್ನ ಕಳೆದೆ. ಹಣ ಕಟ್ಟಲು ಬೇಕಾದ ಕ್ರೆಡಿಟ್ ಕಾರ್ಡು ನಮ್ಮಿಬ್ಬರಲ್ಲೂ ಇರಲಿಲ್ಲ. ಹಮೀದನೇ ದಮ್ಮಾಮಿನಿಂದ ತನ್ನ ಕಾರ್ಡು ಕೊಟ್ಟ. ರಂಜಾನ್ ಹಬ್ಬದವರೆಗೆ ನೋಡುವುದು, ಆಗದಿದ್ದರೆ ಅದ್ರಾಮಾಕ ವಿಮಾನ ಹತ್ತುವುದು ಎಂಬುದು ಅವನ ಷರತ್ತು.

ಅದ್ರಾಮಾಕರಿಗೆ ಎಲ್ಲವನ್ನೂ ವಿವರಿಸಿದೆ. ಅವರು ತಲೆದೂಗಿದರು. ಆದರೆ ಅವರ ಮನಸ್ಸಿನಲ್ಲಿ ಅದು ಅಂಗಡಿಯ ಓಪನಿಂಗ್. ನಮ್ಮ ಕಡೆ ಒಬ್ಬ ಬೀಡಾ ಅಂಗಡಿ ತೆರೆದರೂ ಊರಿಗೆಲ್ಲ ಬನ್ನಿ ಎಂಬ ಹೇಳಿಕೆ ಹೋಗುತ್ತದೆ. ಹೇಳಿಕೆ ಬಂದ ಮೇಲೆ ಜಾತಿ ಮತ ನೋಡದೆ ಎಲ್ಲರೂ ಹೋಗಬೇಕು. ಹೊರಗೆ ನಿಂತು ನೋಡಿ ಬರುವುದು ಹೋದ ಲೆಕ್ಕಕ್ಕಿಲ್ಲ. ಮೆಟ್ಟಿಲು ಹತ್ತಿ ಒಳಗೆ ಕಾಲಿಡಲೇಬೇಕು. ಇಲ್ಲದಿದ್ದರೆ ಅದು ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುವ ಅಸಮಾಧಾನ.

ಮರುದಿನ ಬೆಳಿಗ್ಗೆ ನಾನು ಶಟರ್ ಎತ್ತುವಾಗ ಒಂದು ಜೀಪು ಜನ ಕಾಯುತ್ತಿದ್ದರು. ಮುಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅದ್ರಾಮಾಕ, ಕೈಯಲ್ಲಿ ಖರ್ಜೂರದ ಪೊಟ್ಟಣ. ಜಾಹೀರಾತು ತೆರೆಯ ಮೇಲೆ ಮೂಡಿದಾಗ ಎಲ್ಲರ ಮುಖದಲ್ಲಿ ಕಂಡ ಸಂತೋಷವನ್ನು ನಾನು ಮರೆಯಲಾರೆ. ಒಬ್ಬೊಬ್ಬರಾಗಿ ಚಪ್ಪಲಿ ಹೊರಗೆ ಬಿಟ್ಟು ಬಂದು ಅದನ್ನು ಒತ್ತಿದರು, ಹೆರೆಮಣೆಯ ಫೋಟೊ ನೋಡಿದರು, ಖರ್ಜೂರ ತೆಗೆದುಕೊಂಡರು. “ಲಾಯ್ಕ ಉಂಟು ಅದ್ರಾಮಾಕ, ಒಳ್ಳೇದಾಗ್ಲಿ!” ನಾನು ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಬಾಯಿಗೂ ಒಂದು ಖರ್ಜೂರ ಬಂತು.

ಇವತ್ತೊಂದು ದಿನ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಎರಡನೆಯ ದಿನವೂ ಚಹಾದ ಹೊತ್ತಿಗೆ ಜಾಹೀರಾತು ಮಾಯವಾಗಿತ್ತು. ಮೂರನೆಯ ದಿನವೂ ಹಾಗೆಯೇ. ಒಳಗೆ ಬಂದವರ ಸಂಖ್ಯೆ ಭರ್ತಿಯಿತ್ತು. ಹೆರೆಮಣೆ ಕೇಳಿದವರು ಒಬ್ಬರೂ ಇರಲಿಲ್ಲ. ನಾನು ಬರೆದ ಮೂರು ಸಾಲಿನಲ್ಲಿ ಏನು ದೋಷವೋ ಎಂದು ಊಟ ಸೇರದಾಯಿತು. ವಾರದ ಕೊನೆಗೆ ಅದ್ರಾಮಾಕ ನಗುತ್ತಾ ಬಂದರು.

“ಫೋನಿನ ಮೇಲೆ ಫೋನು ಮಾಸ್ಟ್ರೆ! ಹೇಳಿಕೆ ಕೊಟ್ಟವರೆಲ್ಲ ಬಂದಿದ್ದಾರೆ! ಅಬುಧಾಬಿಯಿಂದ ಅಳಿಯ, ಮಸ್ಕತ್ತಿನಿಂದ ಮಸೀದಿ ಬದಿಯ ಹುಡುಗರು, ಕುವೈತಿನಿಂದ ನಮ್ಮ ಸಂಜೀವ ಪೂಜಾರ್ರ ಮಗ. ಎಲ್ಲ ‘ನಿಮ್ಮ ಅಂಗಡಿಗೆ ಬಂದು ಹೋದೆ’ ಅಂತ ಹೇಳುದೇ ಹೇಳುದು. ಹಮೀದ್ ಅಂತೂ ದಿನಾ ಬೆಳಿಗ್ಗೆ ಬರ್ತಾನಂತೆ, ರೂಮಿನವರನ್ನೆಲ್ಲ ಕರ್ಕೊಂಡು!”

ಅಂದರೆ ಕಾರ್ಡು ಕೊಟ್ಟವನೇ ದಿನವೂ ಮೊದಲು ಬಂದು ತನ್ನ ಕಾರ್ಡಿಗೇ ಕತ್ತರಿ ಹಾಕುತ್ತಿದ್ದ. ನಾನು ಕುರ್ಚಿ ಎಳೆದು ಕೂತೆ. ಅವರನ್ನೂ ಕೂರಿಸಿ ಇನ್ನೊಮ್ಮೆ ನಿಧಾನವಾಗಿ ಬಿಡಿಸಿ ಹೇಳಿದೆ. ಅವರ ಮುಖದ ನಗು ಸ್ವಲ್ಪ ಸ್ವಲ್ಪವೇ ಇಳಿಯಿತು.

“ನಮ್ಮವರು ಬಂದ್ರೂ ಖರ್ಚು ಹಾಕ್ತದಾ? ನಮ್ಮವರು ಅಂತ ಅದಕ್ಕೆ ಗೊತ್ತಾಗುದಿಲ್ವಾ?”

“ಇಲ್ಲ. ಇನ್ನು ಬರ್ಬೇಡಿ ಅಂತ ಎಲ್ಲರಿಗೂ ಹೇಳಿಬಿಡಿ.”

“ಎಂತ ಹೇಳ್ತೀರಿ ಮಾಸ್ಟ್ರೆ! ಬಾಗಿಲಿಗೆ ಬಂದವರಿಗೆ ನಾನು ಬರ್ಬೇಡಿ ಅಂತ ಹೇಳುದಾ? ಅದಕ್ಕಿಂತ ದಮ್ಮಾಮಿನ ಗೇಟೇ ವಾಸಿ.”

ಅವರ ಮಾತು ತಪ್ಪೆಂದು ನನಗೆ ಅನಿಸಲಿಲ್ಲ. ಆದ್ದರಿಂದ ಆ ಸಾಧನದೊಳಗೇ ದಾರಿ ಹುಡುಕಿದೆ. ಜಾಹೀರಾತು ಯಾವ ಊರಿನಲ್ಲಿ ಕಾಣಬೇಕು, ಯಾವ ಊರಿನಲ್ಲಿ ಕಾಣಬಾರದು ಎಂದು ನಾವೇ ಆರಿಸಬಹುದೆಂದು ತಿಳಿಯಿತು. ಇನ್ನೇನು, ನಮ್ಮವರು ಯಾರೂ ಇಲ್ಲದ ಊರು ಹುಡುಕಿದರಾಯಿತು. ಇಬ್ಬರೂ ಗೋಡೆಯ ಭೂಪಟದ ಮುಂದೆ ನಿಂತೆವು. ಕೊಲ್ಲಿ ದೇಶಗಳನ್ನು ಮೊದಲೇ ಬಿಟ್ಟೆವು. ಮುಂಬಯಿ ಎಂದೆ, ಅಲ್ಲಿನ ಹೋಟೆಲುಗಳಲ್ಲಿ ಅರ್ಧ ನಮ್ಮ ಅಳದಂಗಡಿಯವರೇ ಎಂದರು. ಕೊಚ್ಚಿ ಎಂದೆ, ತಂಗಿಯ ಮೈದುನ ಇದ್ದಾನೆ ಎಂದರು. ಪುಣೆ, ಹೈದರಾಬಾದು, ಮದ್ರಾಸು, ಎಲ್ಲೆಲ್ಲೂ ಯಾರೋ ಒಬ್ಬರು ಪ್ರೀತಿಯಿಂದ ಒತ್ತಲು ತಯಾರಾಗಿ ಕೂತಿದ್ದರು.

“ಕಲ್ಕತ್ತ?”

ಅದ್ರಾಮಾಕ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. “ಕಲ್ಕತ್ತದಲ್ಲಿ ನಮಗೆ ಯಾರೂ ಇಲ್ಲ ಮಾಸ್ಟ್ರೆ,” ಎಂದರು. ಅನಾಥರಾದವರ ದನಿ ಅದು.

ಬಂಗಾಳದವರು ಮೀನು ತಿನ್ನುತ್ತಾರೆಂದು ಗೊತ್ತಿತ್ತು. ಕಾಯಿ ತುರಿಯುತ್ತಾರೋ ಎಂದು ಹುಡುಕಿದೆ. ಅವರ ಪೂಜೆಯ ಹಬ್ಬಕ್ಕೆ ಮನೆಮನೆಯಲ್ಲಿ ಕಾಯಿ ಉಂಡೆ ಕಟ್ಟುತ್ತಾರಂತೆ! ಬಂಗಾಳವೊಂದನ್ನೇ ಉಳಿಸಿ ಉಳಿದ ಲೋಕವನ್ನೆಲ್ಲ ತೆಗೆದುಹಾಕಿದೆ. ಮರುದಿನದಿಂದ ಇನ್ನೊಂದು ಪಾಡು ಶುರುವಾಯಿತು. ಜಾಹೀರಾತು ಕಾಣದ ನೆಂಟರೆಲ್ಲ ಫೋನು ಮಾಡಿ, “ಅಂಗಡಿ ಮುಚ್ಚಿದ್ರಾ ಮಾರಾಯ್ರೆ?” ಎಂದು ಕೇಳತೊಡಗಿದರು. ವಾಮದಪದವಿನ ಬಸ್‌ಸ್ಟ್ಯಾಂಡಿನಲ್ಲೂ ಅದೇ ಮಾತು. ವೀಸಾ ರೆಡಿ ಉಂಟು ಎಂದು ಹಮೀದನ ಸಂದೇಶವೂ ಬಂತು. ಅದ್ರಾಮಾಕ ಪಾಸ್‌ಪೋರ್ಟಿಗೆ ಫೋಟೊ ತೆಗೆಸಿ, ತೋರಿಸಲು ನನ್ನಲ್ಲಿಗೇ ತಂದರು. ಫೋಟೊದಲ್ಲಿ ಅವರು ಈಗಾಗಲೇ ಯಾರದೋ ಗೇಟಿನ ಪಕ್ಕ ನಿಂತವರಂತೆ ಕಾಣುತ್ತಿದ್ದರು. ಫೋಟೊವನ್ನು ಅವರ ಕೈಗೇ ಹಿಂದಿರುಗಿಸಿದೆ. ಯಾರಾದರೂ ಹೆರೆಮಣೆ ಕೇಳಿದ್ದಾರೋ ಎಂದು ಇಮೇಲ್ ತೆರೆದೆ.

ಕಲ್ಕತ್ತದ ಪಕ್ಕದ ಹೌರಾದ ಒಬ್ಬ ಹೆಂಗಸಿನ ಪತ್ರವಿತ್ತು. ಮಡಚಿದರೆ ಮಂಚದ ಕೆಳಗೆ ಹಿಡಿಯುತ್ತದೆಯೇ, ತುಕ್ಕು ಹಿಡಿಯುತ್ತದೆಯೇ ಎಂದು ಕೇಳಿದ್ದರು. ನಾನು ಓದಿ ಹೇಳಿದೆ. ಅದ್ರಾಮಾಕ ಎದ್ದು ನಿಂತು ಕಂಪ್ಯೂಟರಿಗೇ ಉತ್ತರ ಕೊಟ್ಟರು: “ಒರಸಿ ಇಟ್ರೆ ತುಕ್ಕು ಹಿಡಿಯುದಿಲ್ಲ ಅಮ್ಮ!” ಆ ಹೆಂಗಸು ತರಿಸಿಕೊಂಡರು, ಅವರ ಪಕ್ಕದ ಮನೆಯವರೂ ತರಿಸಿಕೊಂಡರು. ಪೂಜೆಯ ಹಬ್ಬಕ್ಕೆ ಮುಂಚೆ ಅಲ್ಲಿಯ ಒಬ್ಬ ಮಿಠಾಯಿ ಅಂಗಡಿಯವನು ಒಟ್ಟಿಗೇ ಎರಡು ಡಜನ್ ಕೇಳಿದ. ನಿಂತಿದ್ದ ಕುಲುಮೆ ಮತ್ತೆ ಹೊತ್ತಿತು. ಪಾಸ್‌ಪೋರ್ಟಿನ ಫೋಟೊ ಅದ್ರಾಮಾಕರ ಕಿಸೆಯಲ್ಲೇ ಉಳಿಯಿತು.

ಇದನ್ನೆಲ್ಲ ಕಣ್ಣಾರೆ ಕಂಡ ಮೇಲೆ ನಾನು ಸುಮ್ಮನಿರಲು ಸಾಧ್ಯವೇ? ನನ್ನ ಸೈಬರಿಗೂ ಒಂದು ಜಾಹೀರಾತು ಹಾಕಿದೆ: ‘ಮೂಡುಬಿದಿರೆಯಲ್ಲಿ ಇಂಟರ್‌ನೆಟ್ ಸಿಗುತ್ತದೆ.’ ಆಗಲೇ ಇಂಟರ್‌ನೆಟ್ಟಿನ ಮುಂದೆ ಕೂತವರಿಗಲ್ಲದೆ ಬೇರೆ ಯಾರಿಗೂ ಇದು ಕಾಣುವುದಿಲ್ಲ ಎಂಬ ಸಂಗತಿ ಹೊಳೆಯಲು ನನಗೆ ಕೆಲವು ದಿನ ಬೇಕಾಯಿತು.

ಸುದ್ದಿ ತಿಳಿದು ಅದ್ರಾಮಾಕ ಮೊದಲ ಬಸ್ಸಿಗೇ ಬಂದರು. ಅದೇ ಬಿಳಿ ಅಂಗಿ. ತೆರೆಯ ಮುಂದೆ ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನನ್ನ ಜಾಹೀರಾತನ್ನು ದೂರದಿಂದಲೇ ಓದಿದರು. “ಲಾಯ್ಕ ಉಂಟು. ಆದರೆ ನಾನು ಮುಟ್ಟುದಿಲ್ಲ ಮಾಸ್ಟ್ರೆ, ನಿಮಗೆ ಖರ್ಚು,” ಎಂದು ಹೊರಡಲು ತಿರುಗಿದರು.

ಸರಿಯಾಗಿಯೇ ಹೇಳಿದ್ದರು. ನಾನೇ ಕಲಿಸಿದ ಪಾಠ. ಆದರೂ ಬಾಗಿಲವರೆಗೆ ಬಂದ ಮನುಷ್ಯ ಮೆಟ್ಟಿಲು ಹತ್ತದೆ ಹಿಂದಿರುಗಿದಂತಾಯಿತು. ಓಡಿ ಹೋಗಿ ಅವರ ಕೈ ಹಿಡಿದು ಎಳೆದು ತಂದು ಆ ಕೈಯನ್ನು ಮೌಸಿನ ಮೇಲೆ ಇಟ್ಟೆ.

“ಖರ್ಚಾದರೆ ಆಗ್ಲಿ ಅದ್ರಾಮಾಕ, ಒಂದ್ಸಲ ಒಳಗೆ ಬಂದು ಹೋಗಿ.”